ಅಜೀಜಾಬಿ ಆಡು ಹುಡುಕಲು ಹೋಗಿದ್ದಾಳೆ

ನಮ್ಮ ಓಣಿಯಲ್ಲಿ ಹೆಂಗಸು ಬರಿಗೈಯಲ್ಲಿ ಊರ ಹೊರಗೆ ಹೋಗುವಂತಿಲ್ಲ. ಹಾಗಂತ ಯಾರೂ ಕಟ್ಟಳೆ ಮಾಡಿಲ್ಲ, ಯಾರೂ ಅಡ್ಡ ನಿಲ್ಲುವುದೂ ಇಲ್ಲ. ಕೇಳುತ್ತಾರೆ, ಅಷ್ಟೇ. "ಎಲ್ಲಿಗಿ ಹೊಂಟೀ ಬೇ?" ತಲೆಯ ಮೇಲೆ ಬುಟ್ಟಿಯೋ, ಕಂಕುಳಲ್ಲಿ ಕೊಡವೋ, ಕೈಯಲ್ಲಿ ಬುತ್ತಿಯೋ ಇದ್ದರೆ ಅದೇ ಉತ್ತರ. ಏನೂ ಇಲ್ಲದಿದ್ದರೆ ಆ ಮನೆಯಲ್ಲಿ ಜಗಳವಾಗಿದೆ ಅಂತ ಸಂಜೆಯೊಳಗೆ ಸುದ್ದಿ. ಗಂಡಸರು ಮಾತ್ರ ಕೈ ಬೀಸಿಕೊಂಡು ಹೋಟೆಲಿಗೆ ಹೋಗಿ ಒಂದು ಚಹಾಕ್ಕೆ ಅರ್ಧ ದಿನ ಕುಳಿತು ಬರಬಹುದು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಇರಲಿ, ನಾನು ಹೇಳಹೊರಟದ್ದು ಓಣಿಗೆಲ್ಲ ಚಿಕ್ಕಮ್ಮನಂತಿರುವ ಅಜೀಜಾಬಿ ಖಾಲಾನ ವಿಷಯ.

ಆಕೆಯ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಲಾಡ್ಲೆಸಾಬರ ಹೆಂಡತಿಯಾಗಿ ಅತನೂರಿನಿಂದ ಆಕೆ ಇಲ್ಲಿಗೆ ಬಂದಾಗ ನಾನು ಶಾಲೆಗೆ ಹೋಗುವ ಹುಡುಗಿ. ಈಗ ನನ್ನ ತಲೆಯೂ ಅರ್ಧ ಬೆಳ್ಳಗಾಗಿದೆ. ಕಿಟಕಿಯ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುವುದು ನನ್ನ ಕೆಲಸ. ಹಾಗಾಗಿ ಯಾರು ಹೋದರು, ಯಾರು ಬಂದರು ಎಲ್ಲ ನನ್ನ ಕಣ್ಣಿಗೆ ಬೀಳುತ್ತದೆ.

ನಮ್ಮೂರು ಅಫಜಲಪುರಕ್ಕೂ ಜೇವರ್ಗಿಗೂ ನಡುವೆ, ಭೀಮೆಯ ಬಗಲಿಗೆ ಇದೆ. ಊರ ಕೆಳಗೆ ದ್ರಾಕ್ಷಿ ತೋಟ, ಊರ ಮೇಲೆ ಮರಳುಗಲ್ಲಿನ ಗುಡ್ಡ. ವೈನ್ ಮಾಡುವ ಸಣ್ಣ ಕಾರ್ಖಾನೆ ಬಂದ ಮೇಲೆ ದ್ರಾಕ್ಷಿಗೆ ಬೆಲೆ ಬಂತು, ಊರಿಗೆ ಡಾಂಬರು ಬಂತು, ಕಂಡಕ್ಟರು ಊರ ಹೆಸರು ಬಿಟ್ಟು "ವೈನ್ ಸ್ಟಾಪ್ ಯಾರ್ರಿ?" ಅಂತ ಕೂಗತೊಡಗಿದ. ಗುಡ್ಡಕ್ಕೆ ಮಾತ್ರ ಯಾರೂ ಕಿಮ್ಮತ್ತು ಕೊಡಲಿಲ್ಲ. ಉಳಲು ಬರುವುದಿಲ್ಲ, ಮನೆ ಕಟ್ಟೋಣ ಅಂದರೆ ಕಲ್ಲು ಉದುರುತ್ತದೆ. ಅದಕ್ಕೆ ಕಿಮ್ಮತ್ತು ಕೊಟ್ಟವಳು ಅಜೀಜಾಬಿ ಒಬ್ಬಳೇ.

ಮದುವೆಯಾದ ಹೊಸದರಲ್ಲಿ ಕಟ್ಟಿಗೆ ಅಂತ ಹೋಗುತ್ತಿದ್ದಳು. ಗ್ಯಾಸ್ ಬಂದು ಕಟ್ಟಿಗೆಯ ನೆಪ ಹೋಯಿತು. ಆಮೇಲೆ ಪಾತ್ರೆ ತಿಕ್ಕುವ ಉಸುಕು ತರಲು ಹೋದಳು. ಗುಡ್ಡದ ಕಲ್ಲಿನ ಪುಡಿಯಿಂದ ತಿಕ್ಕಿದರೆ ಹಿತ್ತಾಳೆ ತಂಬಿಗೆ ಫಳಫಳ ಹೊಳೆಯುವುದು ನಿಜ. ಆದರೆ ಮಗಳು ಗುಲನಾಜ ಗೊಬ್ಬೂರಿನ ಗಂಡನ ಮನೆಯಿಂದ ಬಂದಾಗಲೆಲ್ಲ ಪಾತ್ರೆ ಸಾಬೂನು ತಂದುಕೊಟ್ಟು ಆ ನೆಪವನ್ನೂ ಕಳೆದಳು. ಆಗ ಖಾಲಾ ಒಂದು ಆಡು ಸಾಕಿದಳು. ಬಿಳಿ ಆಡು, ಹೆಸರು ಚಾಂದನಿ. ಸಾಕಿದ ದಿನದಿಂದ ಅದಕ್ಕೆ ತಪ್ಪಿಸಿಕೊಳ್ಳುವ ಚಾಳಿ. ವಾರಕ್ಕೆ ಮೂರು ನಾಲ್ಕು ಸಲ ಗುಡ್ಡ ಸೇರುತ್ತಿತ್ತು, ಖಾಲಾ ಹಗ್ಗ ಹಿಡಿದು ಹುಡುಕಿಕೊಂಡು ಹೋಗುತ್ತಿದ್ದಳು. ಓಣಿಯವರೆಲ್ಲ ಆಡಿಗೆ ಬೈದರು.

ಒಂದು ಸಲ ಸೀತಾಫಲ ಕೀಳೋಣ ಬಾ ಅಂತ ನನ್ನನ್ನೂ ಕರೆದೊಯ್ದಳು. ಊರಲ್ಲಿ ಮೊಣಕಾಲು ಹಿಡಿದುಕೊಂಡು ಕೂರುವವಳು ಗುಡ್ಡದ ಬುಡಕ್ಕೆ ಬಂದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಮುಂದೆ ಮುಂದೆ ಹತ್ತಿದಳು. ನಾನು ಏದುಸಿರು ಬಿಡುತ್ತ ಹಿಂದೆ. ಎರಡು ಬಂಡೆಗಳ ನಡುವೆ ಅಡ್ಡಲಾಗಿ ನುಸುಳಬೇಕು, ಅಲ್ಲಿ ಬೇಸಿಗೆಯಲ್ಲೂ ತಂಪು. ಗೋಡೆಗೆ ಕೈ ಹಚ್ಚಿದರೆ ಅಂಗೈಗೆ ಕೆಂಪು ಉಸುಕು ಮೆತ್ತಿಕೊಳ್ಳುತ್ತದೆ. ಆಚೆ ಬಂದರೆ ಬಯಲು, ಬಯಲ ತುಂಬ ಗಾಳಿ ಕೊರೆದು ನಿಲ್ಲಿಸಿದ ಕಲ್ಲುಗಳು. ಒಂದಕ್ಕೆ ಕೊಡೆಯ ಆಕಾರ. ಇನ್ನೊಂದು ಪದರ ಪದರವಾಗಿ ಒಣರೊಟ್ಟಿ ಒಟ್ಟಿದ ಹಾಗೆ. ಬಾಗಿ ನಿಂತ ಅಗಲವಾದ ಬಂಡೆಯೊಂದನ್ನು ತೋರಿಸಿ, "ಇದು ನಮ್ಮ ಅತ್ತಿ. ದಾಟೂ ಮುಂದ ಸೆರಗು ಹೊದ್ಕೋ" ಅಂದಳು. ನಾನು ನಗುತ್ತ ಹೊದ್ದುಕೊಂಡೆ.

ತುದಿಗೆ ಹೋದಾಗ ನೋಡುತ್ತೇನೆ, ಕಲ್ಲಿನ ಬಿರುಕಿನಲ್ಲಿ ಒಂದು ಜಾಲಿ ಗೂಟ ಬಡಿದಿದೆ. ಜೊತೆಗೇ ತಂದಿದ್ದ ಚಾಂದನಿಯನ್ನು ಖಾಲಾ ಆರಾಮಾಗಿ ಅದಕ್ಕೆ ಕಟ್ಟಿದಳು. "ಇದು ಓಡಿ ಹೋಗ್ತದ ಅಂತಿದ್ದಿ ಅಲ್ಲ ಖಾಲಾ?" ಅಂದೆ.

"ಅದು ಓಡಿ ಹೋಗಂಗಿಲ್ಲ ಮಧು. ನಾನೇ ಹಗ್ಗ ಬಿಚ್ಚಿ ಬಿಡ್ತೇನಿ" ಅಂದಳು. "ಮನ್ಯಾಗ ಕುಂತ್ರ ಏನರೆ ಕೆಲಸ ನೆನಪಾಗ್ತದ. ಇಲ್ಲಿ ಕುಂತ್ರ ನಾ ಅದೇನಿ ಅಂತ ನೆನಪಾಗ್ತದ. ಇದಕ್ಕ ಏನಂತಾರ, ನೀನೇ ಹೇಳು. ಹೆಸರಿಲ್ಲದ ಕೆಲಸಕ್ಕ ಹೆಂಗ ಹೋಗೂದು?"

ಆಕೆಯ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಕೆಳಗೆ ದ್ರಾಕ್ಷಿ ಸಾಲುಗಳು, ಅದರಾಚೆ ನದಿ. ಅಷ್ಟು ಹೊತ್ತು ಕೈಗೆ ಕೆಲಸವಿಲ್ಲದೆ ನಾನು ಕುಳಿತದ್ದು ಅದೇ ಮೊದಲು.

ಕಳೆದ ದೀಪಾವಳಿ ಆದ ಮೇಲೆ ಎಡವಟ್ಟಾಯಿತು. ಲಾಡ್ಲೆಸಾಬ ಚಾಚಾ ಊರ ಕೆಳಗಿನ ದ್ರಾಕ್ಷಿ ತೋಟದ ಮಾಲೀಕ ದೇವಾನಂದನಲ್ಲಿ ಬಳ್ಳಿ ಕತ್ತರಿಸುವ ಕೆಲಸದವರು. "ಕತ್ತರಿ ಹಿಡಿಯೂದು ನನ್ನ ಕೆಲಸ, ಆ ಹಣ್ಣಿಂದ ಏನ ಮಾಡ್ತಾರೋ ಅವರಿಗಿ ಬಿಟ್ಟದ್ದು" ಅನ್ನುವ ಮನುಷ್ಯ. ಒಂದೊಂದು ಬಳ್ಳಿಯನ್ನೂ ಮಗುವಿನ ಉಗುರು ತೆಗೆದ ಹಾಗೆ ಕತ್ತರಿಸುತ್ತಾರೆ. ಹೊಸ ಚಿಗುರು ಬಂದ ಹೊತ್ತು ಅದು. ಗುಡ್ಡದ ಗೂಟಕ್ಕೆ ಕಟ್ಟಿದ್ದ ಹಗ್ಗ ಕಲ್ಲಿಗೆ ಉಜ್ಜಿ ಹರಿಯಿತು, ಚಾಂದನಿ ನೆಟ್ಟಗೆ ತೋಟಕ್ಕಿಳಿದು ಒಂದು ಸಾಲಿನ ಚಿಗುರನ್ನೆಲ್ಲ ಮೇಯ್ದಿತು. ದೇವಾನಂದ ಒಳ್ಳೆಯವನು, "ಇರ್ಲಿ ಬಿಡ್ರಿ ಚಾಚಾ" ಅಂದ. ಚಾಚಾಗೆ ತಡೆಯಲಾಗಲಿಲ್ಲ. ಅವು ಅವರೇ ಕೈಯಾರೆ ಕತ್ತರಿಸಿದ ಬಳ್ಳಿಗಳು. ಇಂಥ ಓಡಿಹೋಗುವ ಆಡು ಮನೆಯಲ್ಲಿರುವುದು ಬೇಡ, ಮುಂದಿನ ಸಂತೆಯಲ್ಲಿ ಮಾರಿಬಿಡುತ್ತೇನೆ ಅಂತ ನಿಶ್ಚಯಿಸಿದರು.

ಸಂತೆಯ ಮುಂಜಾನೆ ನಾನು ಖಾಲಾನ ಹತ್ತಿರ ಹೋಗಿ ಜಗಳಕ್ಕೇ ನಿಂತೆ. "ಖರೇ ಹೇಳಿಬಿಡು ಖಾಲಾ. ಆಡಿಂದು ತಪ್ಪಿಲ್ಲ, ನಾನೇ ಒಯ್ದಿದ್ದೆ ಅಂತ ಹೇಳು."

"ಹೇಳಿದ್ರ, ಯಾಕ ಒಯ್ದಿದ್ದಿ ಅಂತಾರ. ಅದಕ್ಕೇನ ಹೇಳ್ಲಿ?"

ಚಾಂದನಿ ಓಣಿಯ ತುದಿ ದಾಟುವ ತನಕ ಹಿಂದಿರುಗಿ ನೋಡುತ್ತ ಹೋಯಿತು. ಸಂಜೆ ಚಾಚಾ ಬರಿ ಹಗ್ಗ ತಂದು ಮೊಳೆಗೆ ಹಾಕಿದರು. ಜಾನುವಾರು ಮಾರಿದರೂ ಹಗ್ಗ ಮಾರುವುದಿಲ್ಲ ನಮ್ಮ ಕಡೆ, ಮನೆಯ ಬರಕತ್ತು, ಏಳಿಗೆ ಹೋಗುತ್ತದೆ ಅಂತ.

ಆ ಮೇಲೆ ಖಾಲಾ ಗುಡ್ಡದ ಕಡೆ ಹೋಗಲಿಲ್ಲ. ಹೊಸ್ತಿಲ ಮೇಲೆ ಕುಳಿತು ಅಕ್ಕಿ ಆರಿಸುವಳು, ಆರಿಸಿದ್ದನ್ನೇ ಮತ್ತೆ ಆರಿಸುವಳು. ಮೊಣಕಾಲು ನಿಜವಾಗಿಯೂ ನೋಯತೊಡಗಿತು. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. "ಸುಮ್ಮನ ಹೋಗಿ ಬಾ, ಯಾರೇನು ತಿಂತಾರ?" ಅಂತ ಬೈದೆ. ಆಕೆ ಒಲ್ಲೆ ಅಂತ ತಲೆ ಅಲ್ಲಾಡಿಸಿದಳು.

ಅದೇ ಚಳಿಗಾಲದಲ್ಲಿ ಹೈದರಾಬಾದಿನ ಒಂದು ಗುಂಪು ದೇವಾನಂದನ ತೋಟಕ್ಕೆ ಬಂತು. ವೈನ್ ಕಾರ್ಖಾನೆ ನೋಡಿ, ಮಾರನೆಯ ಮುಂಜಾನೆ ಗುಡ್ಡ ಹತ್ತುವವರು. ಬೆನ್ನಿಗೆ ಚೀಲ, ಕೈಯಲ್ಲಿ ಕೋಲು, ಕಾಲಿಗೆ ದಪ್ಪ ಬೂಟು. ಅದರಲ್ಲಿ ಖಾಲಾನ ವಯಸ್ಸಿನ ಹೆಂಗಸರೂ ಇದ್ದರು. ಓಣಿಯವರು ಬಿಟ್ಟಾರೆಯೇ, ಯಾಕೆ ಹೊರಟಿದ್ದೀರಿ ಅಂತ ಕೇಳಿಯೇ ಬಿಟ್ಟರು. "ಸುಮ್ಮನೆ, ನಡೆಯೋದಕ್ಕೆ" ಅಂದಳು ಒಬ್ಬಾಕೆ. ಎಲ್ಲರೂ ನಕ್ಕು ದಾರಿ ಬಿಟ್ಟರು.

ಖಾಲಾ ಹೊಸ್ತಿಲಿನಿಂದ ಅವರ ಬೆನ್ನನ್ನೇ ನೋಡುತ್ತಿದ್ದಳು. "ಅವರು ಸುಮ್ಮನ ಅಂದ್ರ ನಡೀತದ ನೋಡು, ಮಧು" ಅಂದಳು.

ದಾರಿ ತೋರಿಸಲು ದೇವಾನಂದ ಕಳಿಸಿದ್ದು ಯಾರನ್ನು ಅಂತೀರಿ? ಲಾಡ್ಲೆಸಾಬರನ್ನು. ಊರ ಹಿರಿಯರಲ್ಲವೇ, ಗುಡ್ಡ ಗೊತ್ತಿರುತ್ತದೆ ಅಂತ ಆತನ ಲೆಕ್ಕ. ಹುಟ್ಟಿದಾಗಿನಿಂದ ಅದರ ಬುಡದಲ್ಲೇ ಇದ್ದರೂ ತಾನೊಮ್ಮೆಯೂ ಮೇಲೆ ಹತ್ತಿಲ್ಲ ಅಂತ ಹೇಳಲು ಚಾಚಾಗೆ ನಾಚಿಕೆ. ಹೂಂ ಅಂತ ಮುಂದೆ ನಡೆದರಂತೆ. ಈ ಬಂಡೆಯ ಹೆಸರೇನು ಅಂತ ಅವರು ಕೇಳಿದ್ದಕ್ಕೆ "ಕಲ್ಲು ರಿ" ಅಂದರಂತೆ.

ಮಧ್ಯಾಹ್ನ ಇಳಿದು ಬಂದ ಚಾಚಾ ಮನೆಗೆ ಹೋಗದೆ ನನ್ನ ಕಿಟಕಿಯ ಮುಂದೆ ನಿಂತರು. ಅಂಗೈ ತುಂಬ ಕೆಂಪು ಉಸುಕು.

"ಮಧವ್ವ, ಮ್ಯಾಲ ಒಂದು ಗೂಟ ಅದ."

"ಇರ್ತದ್ರಿ ಚಾಚಾ. ಗುಡ್ಡದಾಗ ಏನೇನೋ ಇರ್ತದ."

"ಗೂಟಕ್ಕ ನಮ್ಮ ಹಗ್ಗದ ತುಂಡು ಅದ. ನಾನೇ ಹೊಸೆದದ್ದು, ಗುರ್ತು ಸಿಗಂಗಿಲ್ಲೇನು? ಓಡಿ ಹೋದ ಆಡು ತನ್ನ ತಾನೇ ಕಟ್ಟಿಕೊಳ್ತದೇನ?"

ನನ್ನ ಯಂತ್ರ ನಿಂತಿತು. "ಕಟ್ಟಿದಾಕಿ ಯಾರಂತ ನಿಮಗ ಗೊತ್ತದ. ಯಾಕಂತ ಮಾತ್ರ ಆಕಿಗಿ ಕೇಳಬ್ಯಾಡ್ರಿ" ಅಂದೆ. ದನಿ ಸ್ವಲ್ಪ ಜೋರೇ ಆಯಿತು.

ಚಾಚಾ ಅಂಗೈ ನೋಡುತ್ತ ನಿಂತರು. "ಬಾಜೂಕ ಕುಂದ್ರೂ ಜಾಗ ಅದ, ಕಲ್ಲು ನುಣ್ಣಗ ಆಗ್ಯಾದ. ನಾನೂ ಕುಂತು ನೋಡಿದೆ. ಅಲ್ಲಿಂದ ತೋಟ ಪೂರಾ ಕಾಣ್ತದ ಮಧವ್ವ. ನಾ ಕೆಲಸ ಮಾಡೂ ಸಾಲೂ ಕಾಣ್ತದ. ಆಕಿ ಅಲ್ಲಿ ಇಷ್ಟು ವರ್ಷ ಕುಂತಾಳ, ನಾ ಒಂದ್ಸಲನೂ ತಲಿ ಎತ್ತಿ ನೋಡಿಲ್ಲ."

ಕೈ ಕೊಡವದೆ ಹಾಗೇ ಮನೆಯೊಳಗೆ ಹೋದರು.

ಮರುದಿನ ಮುಂಜಾನೆ ಓಣಿಯವರೆಲ್ಲ ಅಂಗಳ ಗುಡಿಸುವ ಹೊತ್ತು. ಅವರ ಮನೆಯ ಮಾತೆಲ್ಲ ಉರ್ದುವಿನಲ್ಲಿ, ಜಗಳವೂ ಉರ್ದುವಿನಲ್ಲೇ. ಆ ದಿನ ಮಾತ್ರ ಚಾಚಾ ಅಂಗಳದ ನಡುವೆ ನಿಂತು, ಓಣಿಯ ತುದಿಗೂ ತಿಳಿಯುವಂತೆ ಕನ್ನಡದಲ್ಲಿ ಕೂಗಿದರು.

"ಏ ಅಜೀಜಾ! ಆಡು ತಪ್ಪಿಸ್ಕೊಂಡದ ನೋಡು! ಗುಡ್ಡದ ಕಡಿ ಹೋಗ್ಯಾದ! ಹೋಗಿ ಹುಡುಕು!"

ಪೊರಕೆಗಳೆಲ್ಲ ನಿಂತವು. ಆಡು ಸಂತೆಗೆ ಹೋದದ್ದನ್ನು ನೋಡದವರು ಓಣಿಯಲ್ಲಿ ಯಾರೂ ಇರಲಿಲ್ಲ. ಖಾಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಗಂಡನ ಮುಖ ನೋಡಿದಳು. ಚಾಚಾ ಮೊಳೆಯಿಂದ ಹಗ್ಗ ತೆಗೆದು ಆಕೆಯ ಮುಂದೆ ಹಿಡಿದರು.

"ಲಗೂನ ಬರೂದೇನ ಬ್ಯಾಡ. ಆ ಆಡು ಭಾಳ ದೂರ ಹೋಗ್ತದ."

"ರೊಟ್ಟಿ ಬಡಿಯೂದು ಅದಲ್ರೀ" ಅಂದಳು ಖಾಲಾ.

"ಮಧವ್ವನ ಮನ್ಯಾಗ ರೊಟ್ಟಿ ಅವ" ಅಂದರು ಚಾಚಾ, ನನ್ನನ್ನು ಒಂದು ಮಾತೂ ಕೇಳದೆ. ಬಡಿದರಾಯಿತು ಅಂತ ನಾನು ಒಲೆ ಹಚ್ಚಲು ಎದ್ದೆ.

ಖಾಲಾ ಕೈ ತೊಳೆದು, ಹಗ್ಗ ಹಿಡಿದು ಹೊರಟಳು. ಎದುರು ಮನೆಯ ಮುಮತಾಜ, ಎಲ್ಲರಿಗಿಂತ ಮೊದಲು ಕೇಳುವವಳು, ಅಂದೂ ಕೇಳಿದಳು. "ಎಲ್ಲಿಗಿ ಹೊಂಟೀ ಖಾಲಾ?"

"ಆಡು ಹುಡುಕಾಕ."

ಮುಮತಾಜ ಖಾಲಾನ ಕೈಯ ಹಗ್ಗ ನೋಡಿದಳು. ಅಂಗಳದಲ್ಲಿ ನಿಂತ ಚಾಚಾನನ್ನು ನೋಡಿದಳು. ಆಕೆ ಏನನ್ನುತ್ತಾಳೋ ಅಂತ ನಾನು ಕಿಟಕಿಯಿಂದ ಬಗ್ಗಿ ನೋಡಿದೆ.

"ಹೌದು, ಈಗರೆ ನೋಡಿದೆ" ಅಂದಳು ಮುಮತಾಜ. "ಅತ್ತಾಗ ಮ್ಯಾಲ ಹೋಯ್ತು. ಲಗೂ ನಡಿ."

ಸಂಜೆ ಬಿಸಿಲು ಇಳಿದ ಮೇಲೆ ಖಾಲಾ ಬಂದಳು. ಮುಖ ಕೆಂಪಾಗಿತ್ತು, ಸೆರಗಿನ ತುಂಬ ಉಸುಕು. "ಆಡು ಸಿಕ್ತೇನು?" ಅಂತ ಕಿಟಕಿಯಿಂದ ಕೇಳಿದೆ.

"ಎಲ್ಲಿ ಸಿಗ್ತದ ಮಧು. ನಾಳಿ ಮತ್ತ ಹೋಗಬೇಕು" ಅಂದಳು. ಆಮೇಲೆ ಕಿಟಕಿಯ ಹತ್ತಿರ ಬಂದು, ಹೊಸ ಮದುಮಗಳ ಹಾಗೆ ದನಿ ತಗ್ಗಿಸಿ, "ಇವತ್ತ ಅವರು ತೋಟದಾಗಿಂದ ಮ್ಯಾಲ ನೋಡಿ ಕೈ ಮಾಡಿದ್ರು" ಅಂದಳು.

ಹಗ್ಗವನ್ನು ಮೊಳೆಗೆ ಹಾಕಲಿಲ್ಲ. ನಾಳೆಗೆ ಬೇಕಲ್ಲ, ಬಾಗಿಲ ಪಕ್ಕದಲ್ಲೇ ಇಟ್ಟಳು.