ನೀರು ಮುಟ್ಟಿಸದೆ ಸಾಕಿದ ಜಡೆ

ಸರಸಮ್ಮನ್ನ ದೇವತೆ ಅಂತ ಊರೋರೆಲ್ಲ ಹೊಗಳ್ತಾ ಅವ್ರೆ. ಕೇಳ್ತಾ ಇದ್ರೆ ನಂಗೆ ಮೈ ಉರೀತದೆ. ಅವ್ಳು ಯಾವತ್ತೂ ದೇವತೆ ಆಗಿರ್ಲಿಲ್ಲ. ತನ್ನ ಹಿಟ್ಟಿನ ಗಿರಣಿಗೆ ಹಸಿ ರಾಗಿ ತಂದೋರನ್ನ ಮೂಟೆ ಸಮೇತ ಬೈದು ವಾಪಸ್ ಅಟ್ಟುತಿದ್ದ ಹೆಂಗಸು ಅವ್ಳು. ಗಿರಣಿ ಮುಂದೆ ಸಾಲು ತಪ್ಪಿಸಿ ನುಗ್ಗಿದ್ರೆ ಗಂಡಸು, ದೊಡ್ಡ ಮನುಷ್ಯ ಅಂತೆಲ್ಲ ಮುಖ ನೋಡ್ತಿರ್ಲಿಲ್ಲ. ಅಂಥವಳನ್ನ ಬಾಯಿ ಬಿದ್ದೋದ ಮೇಲೆ ದೇವತೆ ಮಾಡಿ ಕೂರ್ಸವ್ರೆ. ಬಾಯಿ ಇದ್ದಿದ್ರೆ ಒಬ್ಬೊಬ್ಬರಿಗೂ ಗೊತ್ತಾಗೋದು.

ನಾನು ಜಗದಾಂಬ. ಸರಸಮ್ಮ ನಂಗೆ ವಾರಗಿತ್ತಿ. ಅವ್ಳ ಗಂಡ ಸಂಜೀವಯ್ಯ ದೊಡ್ಡೋನು, ನನ್ನ ಗಂಡ ಚಿಕ್ಕೋನು. ತೋವಿನಕೆರೆಯಲ್ಲಿ ನಮ್ಮೆರಡು ಮನೆಗೂ ನಡುವೆ ಇರೋದು ಒಂದೇ ಗೋಡೆ. ಅಕ್ಕ ಅಂತಾನೇ ಕರೀತೀನಿ, ಜಗಳಾನೂ ಬೇಕಾದಷ್ಟು ಆಡಿದೀನಿ. ಒಂದು ಸಲ ಹಿತ್ತಲ ಹುಣಸೆ ಮರದ ಹಣ್ಣು ಹಂಚ್ಕೊಳೋ ವಿಷ್ಯಕ್ಕೆ ಇಬ್ರೂ ಮಾತು ಬುಟ್ಟು, ಮುಂದಿನ ಫಸಲು ಬರೋ ತನಕ ಹಂಗೇ ಮುಖ ತಿರುಗಿಸ್ಕೊಂಡು ಓಡಾಡಿದ್ವಿ. ಆದ್ರೂ ನಂಗೆ ಜ್ವರ ಬಂದ್ರೆ ಗೋಡೆ ಆಚೆಯಿಂದ ಗಂಜಿ ಬರ್ತಿತ್ತು.

ಅವ್ಳು ಸಿರಾ ತಾಲೂಕಿನ ತಾವರೆಕೆರೆ ಕಡೆಯೋಳು. ಮದುವೆಯಾಗಿ ಬಂದಾಗ ಜಡೆ ಮಂಡಿ ಮುಟ್ತಿತ್ತಂತೆ. ನಮ್ಮತ್ತೆಗೆ ಅದನ್ನ ಕಂಡ್ರೆ ಹೊಟ್ಟೆ ಉರಿ. ಒಂದಿನ ಮಾವನ ಮುದ್ದೆಯಲ್ಲಿ ಕೂದ್ಲು ಸಿಕ್ತು ಅಂತ ಸೊಸೆನ ಹಿತ್ತಲಿಗೆ ಎಳ್ಕೊಂಡೋಗಿ, ಕುಡುಗೋಲಲ್ಲಿ ಜಡೆ ಕೊಯ್ದು ತಿಪ್ಪೆಗೆ ಎಸೆದ್ಲು. ಆಗ ನಾನಿನ್ನೂ ಈ ಮನೆಗೆ ಬಂದಿರ್ಲಿಲ್ಲ. ಅಕ್ಕನೇ ಹೇಳಿದ್ದು, ಅದೂ ಒಂದೇ ಸಲ, ಗಿರಣಿ ತಿರುಗೋ ಸದ್ದಲ್ಲಿ ಬೇರೆ ಯಾರಿಗೂ ಕೇಳಿಸದಂಗೆ. 'ಮುದ್ದೆಲಿ ಸಿಕ್ಕಿದ್ದು ಬಿಳಿ ಕೂದ್ಲು ಕಣೇ ಜಗದಾಂಬ. ನಿಮ್ಮ ಭಾವ ಜಗಲಿ ಮೇಲೆ ಕೂತು ನೋಡ್ತಾ ಇದ್ರು. ಅವತ್ತೇ ಅಂದ್ಕೊಂಡೆ, ಇನ್ಮೇಲೆ ನನ್ನ ತಲೆಗೆ ಇನ್ನೊಬ್ರ ಕತ್ತರಿ ಬೀಳಬಾರ್ದು ಅಂತ,' ಅಂದ್ಲು. ಅಂಗೇ ನಡ್ಕೊಂಡ್ಲು. ಹರಕೆ ಅಂತ ಊರೋರೆಲ್ಲ ಮುಡಿ ಕೊಟ್ಟು ಬಂದ್ರೂ ಇವ್ಳು ದೇವ್ರಿಗೂ ಕೊಡ್ಲಿಲ್ಲ.

ಗಿರಣಿ ಹಾಕಿದ್ದು ಸಂಜೀವಯ್ಯನೇ, ನಡೆಸಿದ್ದು ಮಾತ್ರ ಅಕ್ಕ. ಭಾವನಿಗೆ ಹಿಟ್ಟಿನ ಧೂಳು ಆಗ್ತಿರ್ಲಿಲ್ವಂತೆ, ಹೋಟ್ಲಲ್ಲಿ ಬೀಡಿ ಹೊಗೆ ಚೆನ್ನಾಗೇ ಆಗ್ತಿತ್ತು. ಸಂಜೆ ಗಿರಣಿ ನಿಲ್ಲಿಸಿ ಬರೋ ಹೊತ್ತಿಗೆ ಅಕ್ಕನ ಹುಬ್ಬು, ರೆಪ್ಪೆ, ತಲೆ ಎಲ್ಲಾ ಹಿಟ್ಟು. ಜಗಲಿ ಮೇಲೆ ಕೂತು, ಜಡೆ ಬಿಚ್ಚಿ, ತಲೆ ಬಗ್ಗಿಸಿ ಬಾಚೋಳು. ಹಿಟ್ಟು ಉದುರೋದು, ಅದರ ಜೊತೆ ತಲೆಯ ಎಣ್ಣೆ ಜಿಡ್ಡೂ ಹೋಗೋದು. 'ಲೇ, ನೀನು ಸೀಗೆಕಾಯಿ ಕುಟ್ಟಿ ಸಾಯಿ. ನಂಗೆ ಗಿರಣಿನೇ ತಲೆ ತೊಳ್ದು ಕಳಿಸ್ತದೆ,' ಅಂತ ನನ್ನ ಆಡ್ಕೊಳೋಳು. ನಿಜವಾಗಿ ಅವ್ಳ ಕೂದ್ಲು ಯಾವತ್ತೂ ಅಂಟಂಟು ಅನ್ನಿಸ್ತಿರ್ಲಿಲ್ಲ. ಐವತ್ತೆಂಟು ತುಂಬಿದ್ರೂ ಬಿಳಿ ಅಲ್ಲೊಂದು ಇಲ್ಲೊಂದು.

ಹೋದ ವರ್ಷ ಯುಗಾದಿ ಕಳೀತಿದ್ದಂಗೆ ಲಕ್ವ ಹೊಡೀತು. ಬಲಗಡೆ ಪೂರ್ತಿ ಬಿದ್ದೋಯ್ತು, ಮಾತೂ ಹೋಯ್ತು. ಬುದ್ಧಿ ಎಲ್ಲೂ ಹೋಗಿರ್ಲಿಲ್ಲ. ಯಾರು ಬಂದ್ರು, ಯಾರು ಯಾಕೆ ಬರ್ಲಿಲ್ಲ, ಎಲ್ಲಾ ಗೊತ್ತಾಗೋದು. ಎಡಗೈ ಒಂದು ಆಡ್ತಿತ್ತು. ಬೇಕು ಅಂದ್ರೆ ಕೈ ಹಿಡಿಯೋಳು, ಬೇಡ ಅಂದ್ರೆ ತಳ್ಳೋಳು, ಅಷ್ಟೇ ಅವ್ಳಿಗೆ ಉಳ್ಕೊಂಡಿದ್ದ ಮಾತು.

ತುಮಕೂರಿನ ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ತಲೆದೇ ತಾಪತ್ರಯ ಆಯ್ತು. ಅಕ್ಕನ ಸೊಸೆ ಲೋಹಿತಾ ಒಂದ್ಸಲ ಮಂಚದಂಚಿಗೆ ತಲೆ ತಂದು ನೀರು ಹಾಕಿದ್ಲು. ಅಷ್ಟು ಕೂದ್ಲು ಒಣಗಬೇಕಲ್ಲ, ಎದೆಗೆ ಶೀತ ಇಳಿದು ಮತ್ತೆ ಆಸ್ಪತ್ರೆ ಸೇರಿದ್ಲು ಅಕ್ಕ. ಡಾಕ್ಟ್ರು ತಲೆಗೆ ನೀರು ಬೇಡ ಅಂದ್ಬುಟ್ರು. ಬೆವರು, ಎಣ್ಣೆ, ದಿಂಬಿನ ಉಜ್ಜಾಟ, ಎಲ್ಲಾ ಸೇರಿ ಜಡೆ ಗಂಟು ಕಟ್ತು, ವಾಸನೆ ಬಂತು. ಲೋಹಿತಾ ನನ್ನೆದುರಿಗೇ ಅಂದ್ಲು: 'ಕತ್ತರಿಸಿಬಿಡಾಣ ಚಿಕ್ಕತ್ತೆ. ಬಟ್ಟೆ ಬದಲಾಯ್ಸೋಳು ನಾನು, ಒರೆಸೋಳು ನಾನು. ಇದೊಂದು ನನ್ನ ಕೈಲಾಗಲ್ಲ.'

ಅವ್ಳು ಹೇಳಿದ್ದು ಸುಳ್ಳಲ್ಲ. ಆದ್ರೆ ಆ ಮಾತು ಕಿವಿಗೆ ಬೀಳ್ತಿದ್ದಂಗೆ ಅಕ್ಕ ಎಡಗೈಲಿ ಜಡೆ ಎಳ್ಕೊಂಡು ಎದೆ ಮೇಲೆ ಇಟ್ಕೊಂಡ್ಲು. ಊಟಕ್ಕೂ ಬುಡ್ಲಿಲ್ಲ. ಸಂಜೆ ತನಕ ಅಂಗೇ ಹಿಡ್ಕೊಂಡು, ನನ್ನನ್ನೇ ನೋಡ್ತಾ ಮಲಗಿದ್ಲು. 'ನಿನ್ನ ಜಡೆ ನಾನು ನೋಡ್ಕೊತೀನಿ ಕಣಕ್ಕ, ಯಾರೂ ಮುಟ್ಟಲ್ಲ,' ಅಂದೆ. ಆಮೇಲೇ ಕೈ ಸಡಿಲ ಬುಟ್ಟಿದ್ದು.

ಅಂದ್ಬುಟ್ಟೆ, ಆದ್ರೆ ನೀರಿಲ್ದೆ ತಲೆ ತೊಳೆಯೋದು ಹೆಂಗೆ? ಮೊದಲು ನನ್ನ ದಡ್ಡತಲೆಗೆ ಹೊಳೆದಿದ್ದು ಸೀಗೆಪುಡಿ. ಒಣಗಿದ್ದನ್ನೇ ಉದುರಿಸಿ ಬಾಚಿದೆ. ಅದು ಕಣ್ಣಿಗೆ ಬಿತ್ತು. ನಾನು ಹಿಂದೆ ಕೂತಿದ್ದೆ, ಗೊತ್ತೇ ಆಗ್ಲಿಲ್ಲ. ಮುಂದೆ ಬಂದು ನೋಡಿದ್ರೆ ಎರಡೂ ಕಣ್ಣು ಕೆಂಡ, ನೀರು ಧಾರಾಕಾರ. ಕೂಗೋಕೂ ಆಗದೋಳ ಕಣ್ಣಿಗೆ ಹಾಕಿದ್ನಲ್ಲ ಅಂತ ತಲೆ ಚಚ್ಕೊಂಡೆ. ಆಗ ನೆನಪಾಯ್ತು ಗಿರಣಿ.

ರಾಗಿಹಿಟ್ಟನ್ನ ಹಳೇ ಪಂಚೆ ಬಟ್ಟೆಲಿ ಸೋಸಿದೆ. ಬರೀ ಧೂಳಿನಂಥದ್ದು ಉಳೀತು. ಬಾಣಲೆಲಿ ಬೆಚ್ಚಗೆ ಮಾಡ್ಕೊಂಡು, ಬೈತಲೆ ಬೈತಲೆ ಬಿಡಿಸಿ ಬೆರಳ ತುದಿಲಿ ಹಚ್ಚಿ, ಎಣ್ಣೆ ಕುಡಿಯೋ ತನಕ ಬುಟ್ಟು, ಆಮೇಲೆ ಬಾಚಿದೆ. ಅಕ್ಕಿಹಿಟ್ಟು ಹಾಕಿದ್ರೆ ಬೆಳ್ಳಗೆ ಕಾಣ್ತದೆ, ರಾಗಿದು ಕೂದ್ಲ ಬಣ್ಣಕ್ಕೆ ಸೇರ್ಕೊತದೆ. ಚೆನ್ನಾಗೇನೋ ಆಯ್ತು, ಬೆಳಿಗ್ಗೆ ನೋಡಿದ್ರೆ ದಿಂಬಿನ ತುಂಬಾ ಇರುವೆ. ಹಿಟ್ಟಲ್ವಾ, ಬರದೆ ಇರ್ತವಾ? ಲೋಹಿತಾ ನನ್ನ ಮುಖ ನೋಡಿದ್ಲು. ನಾನು ಕೂತು ಇರುವೆ ಹೆಕ್ಕಿದೆ.

ಮತ್ತೆ ಬೇವಿನ ಎಲೆ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ಬೆರೆಸಿದೆ, ಇರುವೆ ನಿಂತವು. ನಿಂಬೆಸಿಪ್ಪೆ, ದಾಸವಾಳದ ಎಲೆನೂ ಒಣಗಿಸಿ ಹಾಕಿದೆ, ವಾಸನೆ ಹೋಯ್ತು. ಒಂದು ಹತ್ತಿ ಬಟ್ಟೆಲಿ ತಲೆ ತಟ್ಟಿ ತಟ್ಟಿ ಹಿಟ್ಟಿನ ಚೂರೂ ಉಳೀದಂಗೆ ತೆಗೆಯೋದು ಕಲಿತೆ. ಗಂಟು ಒಂದೊಂದಾಗಿ ಬಿಡಿಸಿದೆ. ಒಂದು ಎಳೆನೂ ಕತ್ತರಿಸ್ಲಿಲ್ಲ. ಮಳೆಗಾಲ ಮುಗಿಯೋ ಹೊತ್ತಿಗೆ ಜಡೆ ಮೊದ್ಲಿನಂಗೇ ಆಗಿ ಮಂಚದಿಂದ ಇಳಿಬಿದ್ದಿತ್ತು.

ಆ ಬಾಚೋ ಹೊತ್ತೇ ನಮ್ಮ ಹೊತ್ತು. ಊರಲ್ಲಿ ಯಾರ ಮನೆ ಹಸು ಯಾರ ಹೊಲಕ್ಕೆ ನುಗ್ತು, ಯಾವ ಸೊಸೆ ಮುನಿಸ್ಕೊಂಡು ತವರಿಗೆ ಹೋದ್ಲು, ಎಲ್ಲಾ ವರದಿ ಒಪ್ಪಿಸೋಳು ನಾನು. ಅವ್ಳು ಅರ್ಧ ಬಾಯಲ್ಲಿ ನಗೋಳು. ಲೋಹಿತಾನೂ ಒಪ್ಕೊಂಡ್ಲು. 'ವಾಸನೆ ಇಲ್ಲ, ಗಂಟಿಲ್ಲ, ಇನ್ನು ನಂದೇನೂ ತಕರಾರಿಲ್ಲ ಚಿಕ್ಕತ್ತೆ,' ಅಂದು ತಾನೇ ಒಂದಿನ ದಾಸವಾಳದ ಎಲೆ ಕಿತ್ಕೊಂಡು ಬಂದ್ಲು.

ಅಕ್ಕನ ಮಗಳು ಸ್ಪಂದನಾ ಪಾವಗಡದಲ್ಲಿ ಅವ್ಳೆ, ಸೋಲಾರ್ ಕಂಪನಿ ಆಫೀಸಲ್ಲಿ ಕೆಲಸ. ಅಮ್ಮ ಅಂದ್ರೆ ಪ್ರಾಣ, ಇಲ್ಲ ಅನ್ನಲ್ಲ. ರಜಾ ಸಿಕ್ಕಿದ್ರೆ ಓಡಿ ಬರ್ತಾಳೆ. ಬಂದಾಗ ನಾನು ಪುಡಿ ಮಾಡೋದನ್ನ ಫೋನಲ್ಲಿ ಹಿಡ್ಕೊಂಡ್ಲು. 'ಇದಕ್ಕೆ ಡ್ರೈ ಶಾಂಪೂ ಅಂತಾರೆ ಚಿಕ್ಕಮ್ಮ, ನೀವು ಮಾಡಿರೋದು ಪಕ್ಕಾ ನ್ಯಾಚುರಲ್ಲು,' ಅಂದ್ಲು. ಅಮ್ಮನ ಜಡೆನ ಕೈಲಿ ಹಿಡಿದು ತೂಗಿ ನೋಡಿದ್ಲು. ನಂಗೆ ಹೆಮ್ಮೆ ಆಯ್ತು. ಮಗಳಿಗೆ ತಾಯಿ ಕೂದ್ಲ ಮೇಲೆ ಆಸೆ ಅಂತ ತಿಳ್ಕೊಂಡೆ.

ಕಾರ್ತೀಕದಲ್ಲಿ ಹುಲಿಕುಂಟೆಲಿ ನನ್ನ ತಮ್ಮನ ಮನೆ ಗೃಹಪ್ರವೇಶ ಇತ್ತು. ಹೋಗಿ ಒಂದಿನ ಇದ್ದು ಬಂದೆ. ಬಸ್ಸಿಳಿದು ಬರ್ತಿದ್ರೆ ಲೋಹಿತಾ ಬೀದಿ ತಿರುವಲ್ಲೇ ನಿಂತಿದ್ಲು. 'ಚಿಕ್ಕತ್ತೆ, ನೀವು ಬರೋ ತನಕ ತಡಿ ಅಂತ ಹೇಳ್ದೆ. ಅವ್ರು ಕೇಳ್ಲಿಲ್ಲ,' ಅಂದ್ಲು. ಅಕ್ಕನೇ ಹೋಗ್ಬುಟ್ಲು ಅಂತ ತಿಳ್ಕೊಂಡು ಓಡಿದೆ.

ಅಕ್ಕ ಬದುಕೇ ಇದ್ಲು. ತಲೆ ಮಾತ್ರ ಶಾಲೆ ಹುಡುಗನ ತಲೆ ಆಗಿತ್ತು. ಕಿವಿ ದೊಡ್ಡದಾಗಿ ಕಾಣ್ತಿತ್ತು, ಕತ್ತು ಸಣ್ಣದಾಗಿ. ನಾನಿಲ್ದಾಗ ರಜಕ್ಕೆ ಬಂದಿದ್ದ ಸ್ಪಂದನಾ ನಗ್ತಾ ಎದುರಿಗೆ ಬಂದ್ಲು.

'ಕ್ಯಾನ್ಸರ್ ಮಕ್ಕಳಿಗೆ ವಿಗ್ ಮಾಡೋಕೆ ಕೊಟ್ವಿ ಚಿಕ್ಕಮ್ಮ. ಇಷ್ಟುದ್ದ, ಇಷ್ಟು ಶುದ್ಧವಾದ ಕೂದ್ಲು ಸಿಗೋದೇ ಅಪರೂಪ ಅಂದ್ರು. ಅಮ್ಮಂಗೆ ಎಲ್ಲಾ ವಿವರವಾಗಿ ಹೇಳಿದೀನಿ. ಖುಷಿಗೆ ಅತ್ತುಬುಟ್ರು.'

'ಖುಷಿಗೆ ಅಂತ ನಿಂಗ್ಯಾರೇ ಹೇಳಿದ್ದು?' ಅಂದೆ. 'ಕೈ ಏನ್ಮಾಡ್ತು ಅವ್ಳದು?'

'ಕೈ ಆಡಿಸ್ತಾ ಇದ್ರು. ಕತ್ತರಿ ತಗುಲಿ ಗಾಯ ಆಗ್ಬಾರ್ದು ಅಂತ ಅಪ್ಪ ಹಿಡ್ಕೊಂಡಿದ್ರು.'

ಸಂಜೀವಯ್ಯ ಅಲ್ಲೇ ಕುರ್ಚಿ ಮೇಲೆ ಕೂತಿದ್ದ. 'ಪುಣ್ಯದ ಕೆಲ್ಸ ಅಲ್ವೇನಮ್ಮ,' ಅಂದ. ಈ ಸಲ ನೋಡ್ತಾ ಕೂರೋದಷ್ಟೇ ಅಲ್ಲ, ಕೈನೂ ಸೇರ್ಸಿದ್ದ ಮಹಾನುಭಾವ. ಆ ಮಾತು ನನ್ನ ನಾಲಿಗೆ ತುದಿಗೆ ಬಂತು, ಅಕ್ಕ ಕೇಳಿಸ್ಕೊತಾಳೆ ಅಂತ ನುಂಗ್ಕೊಂಡೆ.

ಕಾಯಿಲೆ ಬಿದ್ದ ಮಕ್ಕಳಿಗೆ ಕೂದ್ಲು ಬೇಡ ಅಂತ ನಾನ್ಯಾಕನ್ಲಿ, ನಂಗೂ ಮೊಮ್ಮಕ್ಕಳವ್ರೆ. ಸ್ಪಂದನನ ಬೆನ್ನ ಮೇಲೆ ಇಷ್ಟುದ್ದ ಕೂದ್ಲು ಬಿದ್ದಿತ್ತು, ಅದನ್ನ ತೋರಿಸಿ 'ನಿಂದು ಕೊಡಬೋದಿತ್ತಲ್ಲೇ' ಅಂದೆ. 'ನಂದು ಸ್ಟ್ರೇಟ್ನಿಂಗ್ ಮಾಡ್ಸಿದ್ದು ಚಿಕ್ಕಮ್ಮ, ಕೆಮಿಕಲ್ ಬಿದ್ದಿದ್ದು ತಗೊಳಲ್ಲ,' ಅಂದ್ಲು. ಒಂದು ಚೂರು ಕಪಟ ಇಲ್ಲ ಆ ಹುಡುಗಿ ಮುಖದಲ್ಲಿ. ಅದೇ ನಂಗೆ ಇನ್ನೂ ಉರಿ. ಕೆಟ್ಟೋಳಾಗಿದ್ರೆ ಜುಟ್ಟು ಹಿಡಿದು ಎರಡು ಬಿಡ್ತಿದ್ದೆ.

ಎರಡು ಮೂರು ದಿನ ಕಳೆದು ಊರ ಮಹಿಳಾ ಸಂಘದ ಹೆಂಗಸರು ಶಾಲು, ಹಣ್ಣಿನ ತಟ್ಟೆ ಹಿಡ್ಕೊಂಡು ಬಂದ್ರು. ಮಂಚದ ಮೇಲೇ ಕೂರ್ಸಿ ಶಾಲು ಹೊದಿಸಿದ್ರು. ಜಾರಿದ ಶಾಲನ್ನ ಮತ್ತೆ ಮತ್ತೆ ಎಳೆದು ಫೋಟೋ ತೆಗೆದ್ರು. ಒಬ್ಳು ತ್ಯಾಗಮಯಿ ಅಂದ್ಲು, ಇನ್ನೊಬ್ಳು ದೇವತೆ ಅಂದ್ಲು. ಸ್ಪಂದನಾ ನನ್ನ ಕೈ ಹಿಡಿದು ಮುಂದಕ್ಕೆ ಎಳೆದು, 'ಇದರ ಅರ್ಧ ಪುಣ್ಯ ನಮ್ಮ ಜಗದಾಂಬ ಚಿಕ್ಕಮ್ಮಂದು. ನೀರು ಮುಟ್ಟಿಸದೆ, ಪುಡಿ ಹಾಕಿ ಹಾಕಿ ಈ ಕೂದ್ಲು ಕಾಪಾಡಿ ಕೊಟ್ಟೋರು ಇವ್ರೇ,' ಅಂತ ಎಲ್ಲರ ಮುಂದೆ ಹೇಳಿದ್ಲು. ಹೆಂಗಸ್ರು ಚಪ್ಪಾಳೆ ತಟ್ಟಿದ್ರು.

ಅಕ್ಕ ನನ್ನ ಕಡೆ ನೋಡಿದ್ಲು. ಆ ನೋಟದಲ್ಲಿ ಸಿಟ್ಟಿದ್ದಿದ್ರೆ ತಡ್ಕೊತಿದ್ದೆ, ಅವ್ಳ ಸಿಟ್ಟು ನಂಗೇನು ಹೊಸದಾ? ಅವ್ಳು ಲೆಕ್ಕ ಹಾಕ್ತಾ ಇದ್ಲು. ಯಾರೂ ಮುಟ್ಟಲ್ಲ ಅಂದೋಳು, ಗಂಟು ಬಿಡಿಸಿದೋಳು, ಸರಿಯಾಗಿ ಆವತ್ತೇ ಊರಲ್ಲಿ ಇಲ್ದೋಳು. ಹಬ್ಬಕ್ಕೆ ಅಂತ ಟಗರು ಮೇಯಿಸ್ತಾರಲ್ಲ, ಅಂಗೆ ನಾನು ಅವ್ಳ ಜಡೆ ಮೇಯಿಸಿದೆ ಅಂತ ಅವ್ಳು ತಿಳ್ಕೊಂಡ್ಬುಟ್ಲು.

ಎಲ್ಲಾರೂ ಹೋದ ಮೇಲೆ ಮಂಚದ ಹತ್ರ ಕೂತೆ. 'ನಂಗೆ ಗೊತ್ತಿರ್ಲಿಲ್ಲ ಕಣಕ್ಕ. ನಮ್ಮಪ್ಪನಾಣೆ ಗೊತ್ತಿರ್ಲಿಲ್ಲ,' ಅಂದೆ. ಕಣ್ಣು ಮುಚ್ಕೊಂಡ್ಲು. ತಲೆ ಮೇಲೆ ಕೈ ಇಡೋಕೆ ಹೋದೆ. ಎಡಗೈಲಿ ನನ್ನ ಕೈನ ತಳ್ಳಿದ್ಲು. ಮತ್ತೆ ಇಟ್ಟೆ, ಮತ್ತೆ ತಳ್ಳಿದ್ಲು. ಲೋಹಿತಾ ಬಾಗಿಲಲ್ಲಿ ನಿಂತು ನೋಡಿ ಒಳಗೋದ್ಲು.

ಈಗ ಕೂದ್ಲು ಬೆರಳುದ್ದ ಬೆಳ್ದೈತೆ. ಅಷ್ಟಕ್ಕೆ ಪುಡಿ ಏನೂ ಬೇಕಾಗಿಲ್ಲ, ಬಿಸಿನೀರಲ್ಲಿ ಹಿಂಡಿದ ಬಟ್ಟೆಲಿ ಒರೆಸಿದ್ರೆ ಸಾಕು. ಲೋಹಿತಾ ಒರೆಸ್ತಾಳೆ, ಅವ್ಳ ಕೈನ ಅಕ್ಕ ತಳ್ಳಲ್ಲ. ಸಂಜೆ ಹೊತ್ತು ನಾನೂ ಹೋಗ್ತೀನಿ. ಹೊಸಿಲ ಮೇಲೆ ನಿಂತ್ಕೊಂಡು ಊರ ಸುದ್ದಿ ಹೇಳ್ತೀನಿ. ಅವ್ಳು ಗೋಡೆ ಕಡೆ ಮುಖ ಮಾಡಿ ಮಲಗಿರ್ತಾಳೆ. ನಾನು ಹೇಳೋದು ಮುಗಿಸಿ ಮನೆಗೆ ಬರ್ತೀನಿ.