ಕೂತಲ್ಲೇ ಮುಗಿಸುವ ಮುನಿರತ್ನಮ್ಮ

ನಂದಗುಡಿಯ ಸುತ್ತಮುತ್ತ ಯಾರ ಮನೆಯ ವೈಫೈ ಡಬ್ಬಿಯಲ್ಲಾದರೂ ಕೆಂಪು ದೀಪ ಹತ್ತಿದರೆ, ಮನೆಯವರು ಮೊದಲು ಡಬ್ಬಿಯ ತಲೆಗೊಂದು ತಟ್ಟಿ ನೋಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಮುನಿರತ್ನಮ್ಮನಿಗೆ ಫೋನು. ಮುನಿರತ್ನಮ್ಮ ಎದ್ದು ಬರುವವರ ಪೈಕಿಯಲ್ಲ. ಜಗಲಿಯ ಮೇಲೆ ಕಾಲು ನೀಡಿಕೊಂಡು, ಒಂದು ಪಕ್ಕ ಸೊಪ್ಪಿನ ಮೊರ, ಇನ್ನೊಂದು ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಾಳೆ.

"ಅಕ್ಕಾ, ಲೈಟು ಕೆಂಪಗಾಗೋಯ್ತು."

"ಏನ್ ಮಾಡಿದ್ರಿ?"

"ಏನೂ ಮಾಡಿಲ್ಲ ಕಣಕ್ಕ."

"ಏನೂ ಮಾಡ್ದಲೇ ಯಾಕೆ ಕೆಂಪಗಾಗ್ತೈತೆ, ಅದಕ್ಕೇನು ಕಣ್ಬೇನೆನಾ? ನಿಜ ಹೇಳು."

"ಮಿಕ್ಸಿ ಹಾಕ್ಬೇಕಿತ್ತು, ಪ್ಲಗ್ ಕಿತ್ತಿದ್ದೆ."

ಅಷ್ಟು ಬಾಯಿ ಬಿಡಿಸಿದ ಮೇಲೆ ಒಂದು ಕೈಯಲ್ಲಿ ಸೊಪ್ಪು ಸೋಸುತ್ತಲೇ ಇನ್ನೊಂದು ಕೈಯಲ್ಲಿ ಏನೋ ಕುಟ್ಟುತ್ತಾಳೆ. ಅತ್ತ ದೀಪ ಹಸಿರಾಗುತ್ತದೆ. ಊರಿನವರಿಗೆ ಇದೊಂದು ಮಂತ್ರವಿದ್ದ ಹಾಗೆ. ಗಂಡ ಗೋವಿಂದರಾಜು ಕೇಬಲ್ ಟಿವಿ ಕಾಲದಿಂದಲೂ ಕಂಬ ಹತ್ತುವುದರಲ್ಲಿ ಗಟ್ಟಿಗ. ಆದರೆ ಕಂಬದಿಂದ ಇಳಿದನೆಂದರೆ ಅವನ ವಿದ್ಯೆಯೂ ಮುಗಿಯಿತು. ಕೇಬಲ್ ಹೋಗಿ ಫೈಬರ್ ಬಂದಾಗ, ಹೊಸಕೋಟೆಯಿಂದ ಲೈನ್ ಕೊಡುವ ಕಂಪನಿಯವರು ತರಬೇತಿಗೆ ಕರೆದರೆ ಆತ ಹೆಂಡತಿಯನ್ನು ಕಳಿಸಿಬಿಟ್ಟ. ಮೀಸೆ ಚಿಗುರದ ಹುಡುಗರ ಮಧ್ಯೆ ಕೂತು ಎಲ್ಲ ಕಲಿತು ಬಂದಳು ಮಹಾತಾಯಿ.

ಆಕೆಯ ಗುಣ ಒಂದೇ. ಯಾವ ಕೆಲಸವಾದರೂ ಕೂತಲ್ಲೇ ಮುಗಿಯಬೇಕು. ಅದಕ್ಕೇ ಎಲ್ಲ ಮನೆಗಳ ಡಬ್ಬಿಗೂ ಒಂದೇ ಪಾಸ್‌ವರ್ಡ್ ಹಾಕಿದ್ದಳು, ಮನೆದೇವರ ಹೆಸರಿನ ಮುಂದೆ ಒಂದು ಎರಡು ಮೂರು. ಹೊರಗಿನಿಂದಲೇ ಡಬ್ಬಿಯೊಳಕ್ಕೆ ಹೋಗುವ ದಾರಿಯನ್ನೂ ತೆರೆದಿಟ್ಟಿದ್ದಳು. ಹಳ್ಳಿಯಲ್ಲಿ ಬೀಗ ಹಾಕಿ ಕೀಲಿಯನ್ನು ಬಾಗಿಲ ಮೇಲಿನ ಗೂಡಿನಲ್ಲಿಟ್ಟು ಹೊಲಕ್ಕೆ ಹೋಗುವುದಿಲ್ಲವೇ, ಇದೂ ಹಾಗೆ. ಎಲ್ಲರೂ ನಮ್ಮವರೇ, ಯಾರು ಬರುತ್ತಾರೆ?

ಬಂದರು. ಮೇ ತಿಂಗಳ ಒಂದು ಸೋಮವಾರ ಲೈನ್ ಕಂಪನಿಯ ಅಂಬರೀಶ್ ಫೋನ್ ಮಾಡಿದ. ತಣ್ಣನೆಯ ಹುಡುಗ, ಅವತ್ತು ಅವನ ದನಿಯೇ ಬೇರೆಯಾಗಿತ್ತು.

"ಆಂಟಿ, ನಿಮ್ಮೂರಿನ ಡಬ್ಬಿಗಳೆಲ್ಲ ಸೇರ್ಕೊಂಡು ಯಾವ್ದೋ ದೇಶದ ಆಸ್ಪತ್ರೆ ಕಂಪ್ಯೂಟರ್ ಮೇಲೆ ದಾಳಿ ಮಾಡ್ತಾವೆ."

"ನಮ್ಮೂರೋವಾ? ನಮ್ಮೂರೋರು ಹೊಸಕೋಟೆ ದಾಟೋಕೇ ಹತ್ತು ಸಲ ಯೋಚ್ನೆ ಮಾಡ್ತಾರೆ ಕಣಪ್ಪಾ!"

ಅಂಬರೀಶ್ ಬಿಡಿಸಿ ಹೇಳಿದ. ಡಬ್ಬಿಯನ್ನು ನಡೆಸುವುದಕ್ಕೆ ಅದರ ಹೊಟ್ಟೆಯೊಳಗೇ ಒಂದು ಸಾಫ್ಟ್‌ವೇರ್ ಇರುತ್ತದೆ, ಫರ್ಮ್‌ವೇರ್ ಅನ್ನುತ್ತಾರೆ. ಈ ಡಬ್ಬಿ ಮಾಡಿದವರು ಅದರಲ್ಲಿ ಒಂದು ಹಿತ್ತಲ ಬಾಗಿಲನ್ನು ಮುಚ್ಚದೆ ಬಿಟ್ಟಿದ್ದರು. ದಾರಿ ಗೊತ್ತಿದ್ದವನು ಪಾಸ್‌ವರ್ಡ್ ಇಲ್ಲದೆಯೂ ಒಳಗೆ ಬರಬಹುದು. ಬಂದವರು ಪಾಸ್‌ವರ್ಡ್ ಬದಲಾಯಿಸಿ, ಡಬ್ಬಿಗಳನ್ನು ಕೂಲಿಯಾಳು ಮಾಡಿಕೊಂಡಿದ್ದಾರೆ. ಬಾಗಿಲು ಮುಚ್ಚುವ ಹೊಸ ಫರ್ಮ್‌ವೇರ್ ಬಂದು ವರ್ಷವಾಗಿದೆ, ಯಾರೂ ಹಾಕಿಲ್ಲ. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗಾಯಿತು ಇದು.

"ಶುಕ್ರವಾರ ಸಂಜೆಯೊಳಗೆ ಒಂದು ಡಬ್ಬೀನೂ ಬಾಕಿ ಇರ್ಬಾರ್ದು ಆಂಟಿ. ಇದ್ರೆ ನಿಮ್ಮ ಲೈನೇ ಕಟ್ ಮಾಡ್ತಾರಂತೆ. ಮೇಲಿಂದ ಆರ್ಡರು."

ಮುನಿರತ್ನಮ್ಮನ ಕೈಯಲ್ಲಿದ್ದ ಸೊಪ್ಪು ಅಲ್ಲೇ ಉಳಿಯಿತು. ಲೈನ್ ಹೋದರೆ ಹಾಲಿನ ಡೇರಿ ನಿಲ್ಲುತ್ತದೆ, ಮನೆಯಿಂದ ಕೆಲಸ ಮಾಡುವ ಹೆಣ್ಣುಮಕ್ಕಳು ನಿಲ್ಲುತ್ತಾರೆ. ಅದಕ್ಕಿಂತ ಹೆಚ್ಚಾಗಿ, "ಮುನಿರತ್ನಮ್ಮ ಹಾಕಿಕೊಟ್ಟ ಲೈನು ಕಣ್ಲಾ, ನಂಬಬಹುದು" ಅನ್ನುವ ಮಾತು ನಿಲ್ಲುತ್ತದೆ.

ಈ ಸಲ ಕೂತಲ್ಲೇ ಆಗುವ ಹಾಗಿರಲಿಲ್ಲ. ಪಾಸ್‌ವರ್ಡನ್ನು ಕಳ್ಳರೇ ಬದಲಾಯಿಸಿದ್ದರಲ್ಲ. ಮನೆಮನೆಗೆ ಹೋಗಿ, ಡಬ್ಬಿಯ ತೂತಿಗೆ ಪಿನ್ನು ಚುಚ್ಚಿ ಹಳೆಯದನ್ನೆಲ್ಲ ಅಳಿಸಿ, ಹೊಸದನ್ನು ತುಂಬಿ, ಹೊಸ ಪಾಸ್‌ವರ್ಡ್ ಹಾಕಬೇಕು. ತುಂಬುವಾಗ ಕರೆಂಟ್ ಹೋದರೆ ಡಬ್ಬಿ ಸತ್ತ ಹಾಗೇ. ಗೋವಿಂದರಾಜುವಿನ ಬೈಕಿನ ಹಿಂದೆ ಕೂತು ಹೊರಟಳು. ವರ್ಷಗಳಿಂದ ಜಗಲಿ ಬಿಟ್ಟು ಇಳಿಯದವಳು ಬೀದಿಯಲ್ಲಿ ಕಂಡದ್ದೇ ಊರಿಗೆ ಹಬ್ಬ.

"ನಮ್ಮನೇಲಿ ಕದಿಯೋಕೆ ಏನೈತೆ ಮುನಿರತ್ನಾ, ಎರಡು ಎಮ್ಮೆ, ಒಬ್ಬ ಗಂಡ. ಯಾವನಾದ್ರೂ ಗಂಡನ್ನ ಹೊತ್ಕೊಂಡು ಹೋಗ್ಲಿ ಬಿಡು" ಎಂದಳೊಬ್ಬಳು. ಅಮ್ಮಯಮ್ಮನೆಂಬ ಮುದುಕಿಯಂತೂ, ಡಬ್ಬಿಯೊಳಗೆ ಯಾರೋ ಹೊಕ್ಕಿದ್ದಾರೆ ಎಂದು ಕೇಳಿದ್ದೇ ತಡ, ಅದಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ದೃಷ್ಟಿ ತೆಗೆದಿದ್ದಳು. "ಅದೂ ಇರ್ಲಿ, ನನ್ನದೂ ಇರ್ಲಿ ಅವ್ವಾ" ಎಂದು ಮುನಿರತ್ನಮ್ಮ ನಿಂಬೆಹಣ್ಣನ್ನು ಸರಿಸಿ ಪಿನ್ನು ಚುಚ್ಚಿದಳು. ಮನೆಗೊಂದು ಲೋಟ ಕಾಫಿ, ಮನೆಗೊಂದು ಸುದ್ದಿ. ಯಾರಿಗೆ ಮೊಮ್ಮಗು ಹುಟ್ಟಿದೆ, ಯಾರ ಮಂಡಿ ಹಿಡಿದಿದೆ, ಒಂದೂ ಆಕೆಗೆ ಗೊತ್ತಿರಲಿಲ್ಲ. ಡಬ್ಬಿಯ ದೀಪ ಮಾತ್ರ ಗೊತ್ತಿತ್ತು. ಇಷ್ಟು ದಿನ ಏನು ಕಡಿದು ಕಟ್ಟೆ ಹಾಕುತ್ತಿದ್ದೆನೋ ಎಂದು ಆಕೆಗೇ ನಗು ಬಂತು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಉಳಿದದ್ದು ಒಂದೇ ಮನೆ. ಅದು ಸೊಣ್ಣಮ್ಮನ ಮನೆ.

ಸೊಣ್ಣಮ್ಮ ಗೋವಿಂದರಾಜುವಿನ ಅಣ್ಣ ವೆಂಕಟರಾಯಪ್ಪನ ಹೆಂಡತಿ, ಅಂದರೆ ಮುನಿರತ್ನಮ್ಮನ ವಾರಗಿತ್ತಿ. ಎರಡು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಎರಡು ಜುಟ್ಟು ಒಂದು ಕಡೆ ಇರಬಹುದು, ಎರಡು ಜಡೆ ಇರುವುದಿಲ್ಲ ಎಂದು ಗಂಡಸರು ಡೇರಿ ಮುಂದೆ ನಗುತ್ತಾ ಬೀಡಿ ಹಂಚಿಕೊಳ್ಳುತ್ತಾರೆ. ಆದರೆ ಸೊಣ್ಣಮ್ಮನ ಸಿಟ್ಟಿಗೆ ಕಾರಣವಿತ್ತು. ಹೊಸ ಮನೆಯ ಗೃಹಪ್ರವೇಶಕ್ಕೆ ಮುನಿರತ್ನಮ್ಮ ಅವಳನ್ನು ಕರೆದದ್ದು ವಾಟ್ಸಾಪಿನಲ್ಲಿ. ಒಂದು ಕಾರ್ಡಿನ ಚಿತ್ರ, ಕೆಳಗೆ ಕೈಮುಗಿದ ಎರಡು ಗುರುತು. ಮನೆ ಬಾಗಿಲಿಗೆ ಬಂದು, ಕುಂಕುಮ ಇಟ್ಟು, "ಬಾರಕ್ಕಾ" ಅಂದಿರಲಿಲ್ಲ. "ಊರೋರ್ಗೆಲ್ಲ ಕಳ್ಸಿದ್ದು ನನ್ಗೂ ಕಳ್ಸವ್ಳೆ! ನಾನೇನು ಊರೋಳಾ?" ಎಂದ ಸೊಣ್ಣಮ್ಮ ಗೃಹಪ್ರವೇಶಕ್ಕೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಗೋವಿಂದರಾಜು ಗುರುವಾರವೇ ಹೋಗಿ ಕೇಳಿಕೊಂಡಿದ್ದ. "ಡಬ್ಬಿ ಮುಟ್ಟೋ ಕೈ ಯಾವ್ದೋ ಆ ಕೈ ಬರ್ಲಿ" ಎಂದು ಅತ್ತಿಗೆ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದಳು.

"ನಾ ಹೋಗಲ್ಲ" ಎಂದಳು ಮುನಿರತ್ನಮ್ಮ. ಅಂಬರೀಶ್‌ಗೆ ಫೋನ್ ಮಾಡಿದಳು. ಅವನು ದನಿ ತಗ್ಗಿಸಿ ಹೇಳಿದ: "ಆಂಟಿ, ಇದು ಕಂಪನಿ ರೂಲ್ಸಿಗೆ ವಿರುದ್ಧ, ಅದಕ್ಕೇ ಇಷ್ಟು ದಿನ ಹೇಳಿರ್ಲಿಲ್ಲ. ಕಳ್ರು ಬಂದಿರೋ ಆ ಹಿತ್ಲ ಬಾಗ್ಲು ಆ ಮನೇಲಿ ಇನ್ನೂ ತೆಗ್ದೇ ಇದೆ. ಅಲ್ಲಿಂದ್ಲೇ ಹೋಗಿ ನೀವೇ ಹೊಸದು ತುಂಬ್ಬಿಡಿ. ಯಾರಿಗೂ ಗೊತ್ತಾಗಲ್ಲ."

ಅವನು ಹೇಳಿಕೊಟ್ಟ ಹಾಗೆ ಮಾಡಿದಳು. ಡಬ್ಬಿ ಯಾರು ಏನು ಎಂದು ಕೇಳದೆ ಬಾಗಿಲು ತೆರೆಯಿತು. ಆ ಮನೆಯಲ್ಲಿ ವೈಫೈ ಹಿಡಿದಿರುವವುಗಳ ಹೆಸರೆಲ್ಲ ಸಾಲಾಗಿ ಕಂಡವು. ಅಕ್ಷತ ಫೋನ್. ಟಿವಿ. ಕೊಟ್ಟಿಗೆ ಕ್ಯಾಮೆರಾ. ನೋಡನೋಡುತ್ತಿದ್ದಂತೆ ಕೆಳಗೆ ಇನ್ನೊಂದು ಹೆಸರು ಮೂಡಿತು. ಸೊಣ್ಣಮ್ಮ ಫೋನ್. ಓ, ಅಕ್ಕ ಈಗ ಹೊಲದಿಂದ ಒಳಗೆ ಬಂದಳು ಅಂದುಕೊಂಡಳು ಮುನಿರತ್ನಮ್ಮ. ಅಂದುಕೊಂಡ ಮರುಕ್ಷಣವೇ ಲ್ಯಾಪ್‌ಟಾಪಿನಿಂದ ಕೈ ತೆಗೆದಳು. ಯಾವ ದೇಶದವನೋ ಹೀಗೇ ಕೂತು, ಅಕ್ಕ ಬಂದದ್ದು ಹೋದದ್ದು ನೋಡುತ್ತಿದ್ದನೋ ಏನೋ. ಈಗ ನಾನೂ ಅದೇ ಸಂದಿಯಲ್ಲಿ ನುಸುಳಿ ಇಣುಕುತ್ತಿದ್ದೇನೆ. ಥೂ, ಇಷ್ಟು ಕೀಳಾಗಿಹೋದೆನಾ ಎಂದು ಲ್ಯಾಪ್‌ಟಾಪ್ ಮುಚ್ಚಿದಳು.

"ನೀನಿಲ್ಲೇ ಇರು" ಎಂದಳು ಗಂಡನಿಗೆ. "ಬೈಕ್ ಬೇಡ. ನಡ್ಕೊಂಡೇ ಹೋಗ್ತೀನಿ."

ಸೊಣ್ಣಮ್ಮ ಹೊಸಿಲ ಒಳಗೆ, ಮುನಿರತ್ನಮ್ಮ ಹೊಸಿಲ ಹೊರಗೆ. ಮಧ್ಯೆ ಸೊಸೆ ಅಕ್ಷತ.

"ಅಕ್ಷತಾ, ಬಂದಿರೋರ್ನ ಕೇಳು, ಏನಾಗ್ಬೇಕಿತ್ತಂತೆ?"

"ಅಕ್ಷತಾ, ನಿಮ್ಮತ್ತೆಗೆ ಹೇಳು. ಡಬ್ಬಿಯೊಳ್ಗೆ ಕಳ್ರು ಸೇರ್ಕೊಂಡವ್ರೆ, ಕೊಟ್ಗೆ ಕ್ಯಾಮೆರಾನೂ ಅವ್ರಿಗೆ ಕಂಡಿರ್ಬೋದು."

"ನಮ್ಮ ಹಸೂನ ನೋಡಿ ಯಾವನೇನ್ ಮಾಡ್ತಾನಂತೆ, ಕೇಳು!"

ಅಕ್ಷತ ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ ಸಾಕಾದಳು. "ಇಬ್ರಿಗೂ ಕೇಳಿಸ್ತೈತಲ್ಲ ಅತ್ತೆ, ನಾನ್ಯಾಕೆ ಮಧ್ಯೆ?"

"ಸೊಸೆ ಅಂತ ಯಾಕ್ ತಂದಿರೋದು ಮತ್ತೆ? ಒಳಗ್ ಬರಕ್ಕೇಳು ಅವ್ರನ್ನ."

ಮುನಿರತ್ನಮ್ಮ ಒಳಗೆ ಬಂದು, ಟಿವಿ ಪಕ್ಕದ ಡಬ್ಬಿಗೆ ಪಿನ್ನು ಚುಚ್ಚಿ, ಲ್ಯಾಪ್‌ಟಾಪ್ ಜೋಡಿಸಿ ಕೂತಳು. ಪರದೆಯ ಮೇಲೆ ನೀಲಿ ಪಟ್ಟಿ ಇರುವೆಯ ಹಾಗೆ ತೆವಳತೊಡಗಿತು. ಪಟ್ಟಿ ಇನ್ನೂ ಅರ್ಧ ದಾಟಿರಲಿಲ್ಲ, ಹೊರಗೆ ಕತ್ತಲು ಕವಿದು ಗುಡುಗು ಗುಡುಗಿತು. ಮೇ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಗುಡುಗಿದರೆ ಆ ಸೀಮೆಯ ಹೆಂಗಸರು ಮಾಡುವ ಮೊದಲ ಕೆಲಸ ಒಂದೇ, ಮನೆಯ ಪ್ಲಗ್ಗುಗಳನ್ನೆಲ್ಲ ಕೀಳುವುದು. ಒಳ್ಳೆಯ ಅಭ್ಯಾಸವೇ, ಎಷ್ಟೋ ಟಿವಿಗಳು ಅದರಿಂದ ಉಳಿದಿವೆ. ಸೊಣ್ಣಮ್ಮನ ಕೈ ತಾನಾಗಿ ಡಬ್ಬಿಯ ಪ್ಲಗ್ಗಿಗೆ ಹೋಯಿತು.

"ಅಕ್ಕಾ, ಮುಟ್ಬ್ಯಾಡ!"

ಎರಡು ವರ್ಷಕ್ಕೆ ಮೊದಲ ಮಾತು. ಅಕ್ಷತ ಬಾಯಿಗೆ ಕೈ ಅಡ್ಡ ಹಿಡಿದಳು. ಸೊಣ್ಣಮ್ಮನ ಕೈ ಪ್ಲಗ್ಗಿನ ಮೇಲೆಯೇ ನಿಂತಿತು.

"ಯಾಕ್ ಮುಟ್ಬಾರ್ದು? ಸಿಡ್ಲು ಬಡಿದ್ರೆ?"

"ಈಗ ಕರೆಂಟ್ ಹೋದ್ರೆ ಡಬ್ಬಿ ಸತ್ತೋಗ್ತದೆ ಅಕ್ಕಾ. ಇದೊಂದು ಮುಗೀಲಿಲ್ಲ ಅಂದ್ರೆ ಊರ್ ಲೈನೇ ಕಿತ್ತಾಕ್ತಾರೆ. ಊರೋರ್ಗೆ ಹೆಂಗೆ ಮುಖ ತೋರಿಸ್ಲಿ ನಾನು?" ಮುನಿರತ್ನಮ್ಮ ಪರದೆ ಬಿಟ್ಟು ಅಕ್ಕನ ಕಡೆ ತಿರುಗಿದಳು. "ನಿನ್ಗೆ ಹೇಳ್ದೆ ಕೂತಲ್ಲಿಂದ್ಲೇ ಮುಗಿಸ್ಬೋದಿತ್ತು. ಮನಸ್ಸು ಬರ್ಲಿಲ್ಲ. ಅದಕ್ಕೇ ಬಾಗ್ಲಿಗೆ ಬಂದೆ."

ಸೊಣ್ಣಮ್ಮ ಅವಳ ಮುಖ ನೋಡಿದಳು. ಕೈ ಹಿಂದಕ್ಕೆ ತೆಗೆದಳು.

ಅಷ್ಟರಲ್ಲಿ ಇನ್ನೊಂದು ಗುಡುಗು. ಮನೆಯೇ ಅದುರಿತು. ಹೊಲದಿಂದ ವೆಂಕಟರಾಯಪ್ಪ ತಲೆಗೆ ಗೋಣಿಚೀಲ ಹಾಕಿಕೊಂಡು ಓಡೋಡಿ ಬಂದು, ಜೀವಮಾನವೆಲ್ಲ ಮಾಡಿದ ಹಾಗೆ ನೇರವಾಗಿ ಮೈನ್ ಸ್ವಿಚ್ಚಿಗೇ ಕೈ ಚಾಚಿದ.

"ಏಯ್!" ಸೊಣ್ಣಮ್ಮ ಒಂದೇ ನೆಗೆತಕ್ಕೆ ಅಡ್ಡ ಬಂದು ಸ್ವಿಚ್ಚಿನ ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು. "ಕೈ ತೆಗಿ ಕೈನ!"

"ಸಿಡ್ಲು ಕಣೇ!"

"ಬಡೀಲಿ! ಟಿವಿ ಸುಟ್ಟೋದ್ರೆ ಸುಟ್ಟೋಗ್ಲಿ! ನನ್ನ ವಾರಗಿತ್ತಿ ಕೆಲ್ಸ ಮಾಡ್ತಾ ಕೂತವ್ಳೆ, ಕಾಣ್ಸಲ್ವಾ?"

ವೆಂಕಟರಾಯಪ್ಪ ಗೋಣಿಚೀಲದೊಳಗಿಂದ ಹೆಂಡತಿಯನ್ನು ನೋಡಿದ, ತಮ್ಮನ ಹೆಂಡತಿಯನ್ನು ನೋಡಿದ, ಕೊನೆಗೆ ಸೊಸೆಯನ್ನು ನೋಡಿದ. "ಇವ್ರಿಬ್ರೂ ಯಾವಾಗಿಂದ?"

"ಈಗ್ತಾನೆ ಮಾವ. ಸುಮ್ನಿರಿ, ಕೆಡಿಸ್ಬೇಡಿ" ಎಂದಳು ಅಕ್ಷತ ಪಿಸುಮಾತಿನಲ್ಲಿ.

ನೀಲಿ ಪಟ್ಟಿ ತುದಿ ಮುಟ್ಟಿತು. ಡಬ್ಬಿ ಒಮ್ಮೆ ಕಣ್ಣು ಮುಚ್ಚಿ, ಒಂದೊಂದೇ ದೀಪ ಹಚ್ಚಿಕೊಂಡು ಹಸಿರಾಯಿತು. ಆದರೂ ಸೊಣ್ಣಮ್ಮ ಬೋರ್ಡು ಬಿಟ್ಟು ಕದಲಲಿಲ್ಲ. ಮುನಿರತ್ನಮ್ಮನ ಫೋನು ಬಡಿದುಕೊಂಡಿತು. ಅಂಬರೀಶ್.

"ಆಂಟಿ, ಕ್ಲೀನ್! ಒಂದೂ ಇಲ್ಲ! ಲೈನ್ ಉಳೀತು! ಹಲೋ? ಆಂಟಿ? ಹಲೋ?"

ಮುನಿರತ್ನಮ್ಮ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು. ಸೊಣ್ಣಮ್ಮ ಬಂದು ಅವಳ ಕೈಯಿಂದ ಫೋನು ಕಿತ್ತುಕೊಂಡಳು.

"ಅವ್ಳು ಅಳ್ತಾವ್ಳೆ ಕಣಪ್ಪಾ. ನಮ್ಮನೇಲವ್ಳೆ. ಆಮೇಲ್ ಮಾಡು."