ನೀಲವ್ವನ ಹೆಸರಿನಲ್ಲಿ ಮಾರಿದ ಕೌದಿ

ನನಗೆ ಕೌದಿ ಹೊಲಿಯಲು ಬರುತ್ತದೆ, ಅದರ ಬೆಲೆ ಹೇಳಲು ಬರುವುದಿಲ್ಲ. ಇದನ್ನು ವಿನಯದ ಮಾತೆಂದು ತಿಳಿಯಬೇಡಿ, ಇದೊಂದು ಬಗೆಯ ಕಾಯಿಲೆ. "ಎಷ್ಟ್ರಿ ಇದಕ್ಕ?" ಎಂದು ಯಾರಾದರೂ ಕೇಳಿದರೆ ಸಾಕು, ಗಂಟಲು ಒಣಗುತ್ತದೆ, ಕೈ ತಾನಾಗಿ ಸೆರಗಿನ ತುದಿ ಹುಡುಕುತ್ತದೆ. ಕದ್ದ ಮಾಲು ಮಾರುವವರ ಮುಖದಲ್ಲೂ ನನ್ನದಕ್ಕಿಂತ ಹೆಚ್ಚು ಧೈರ್ಯವಿರುತ್ತದೆ.

ಕೌದಿ ಎಂದರೆ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂಡಿಸಿ, ಮೈತುಂಬ ಸಾಲು ಸಾಲು ಕೈಹೊಲಿಗೆ ಹಾಕಿದ ಹೊದಿಕೆ. ನನಗೆ ಕಲಿಸಿದವರು ಹನುಮಸಾಗರದ ನಮ್ಮ ಅತ್ತೆ. ಮುಗಿಸುವಾಗ ಕಡೆಯ ಚೌಕದೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದರು, ಕೌದಿ ಹಸಿದುಕೊಂಡಿರಬಾರದಂತೆ. ಜೀವಮಾನವಿಡೀ ಹೊಲಿದರು, ಒಂದನ್ನೂ ಮಾರಲಿಲ್ಲ. ಬಾಣಂತಿಯರಿಗೆ, ಹೊಸದಾಗಿ ಸಂಸಾರ ಹೂಡಿದವರಿಗೆ, ಒಮ್ಮೆ ಜಗಳವಾಡಿದ ನಾದಿನಿಗೂ ಕೊಟ್ಟರು. ಹಾಗಾಗಿ ಹೊಲಿಯುವ ವಿದ್ಯೆ ನನಗೆ ದಕ್ಕಿತು. ಬೆಲೆ ಹೇಳುವ ವಿದ್ಯೆ ಅವರಿಗೇ ಬೇಕಾಗಿರಲಿಲ್ಲ, ಇನ್ನು ಕಲಿಸುವುದೆಲ್ಲಿ?

ನಮ್ಮ ಭಾಷೆಯಲ್ಲಿ ಬೆಲೆಯನ್ನು 'ಕಟ್ಟುತ್ತಾರೆ'. ಮನೆ ಕಟ್ಟುತ್ತೇವೆ, ಹೊಲಕ್ಕೆ ಒಡ್ಡು ಕಟ್ಟುತ್ತೇವೆ, ಬುತ್ತಿ ಕಟ್ಟುತ್ತೇವೆ, ಕರುವನ್ನು ಗೂಟಕ್ಕೆ ಕಟ್ಟುತ್ತೇವೆ. ಎಲ್ಲದಕ್ಕೂ ಒಂದು ಬಿಗಿ ಬೇಕು. ನಾನು ಕಟ್ಟಿದ ಬೆಲೆ ಮಾತ್ರ ಎಂಥ ಸಡಿಲ ಗಂಟೆಂದರೆ, ಗಿರಾಕಿ ಹುಬ್ಬೆತ್ತಿದರೂ ಬಿಚ್ಚಿಕೊಳ್ಳುತ್ತದೆ.

ಮೊದಲ ಸಲ ಮಾರಲು ಹೋದದ್ದು ಕುಷ್ಟಗಿಗೆ. ಹೆಣ್ಣುಮಕ್ಕಳು ಕೈಯಾರೆ ಮಾಡಿದ ವಸ್ತುಗಳನ್ನು ಮಾರಲೆಂದು ಒಂದು ಕಲ್ಯಾಣಮಂಟಪದಲ್ಲಿ ಎರಡು ದಿನ ಜಾಗ ಕೊಟ್ಟಿದ್ದರು. ನನ್ನ ಎಡಕ್ಕೆ ಶೇಂಗಾ ಚಟ್ನಿಯವರು, ಬಲಕ್ಕೆ ಹಪ್ಪಳದವರು. ಅವರ ಮುಂದೆ ಜನ ನೆರೆಯುತ್ತಿದ್ದರು. ನನ್ನ ಮುಂದೆ ಬಂದವರೂ ಉಂಟು. ಒಬ್ಬಾಕೆ ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಹಳೇ ಸೀರಿ ತುಂಡಿಗೆ ಇಷ್ಟು ರೊಕ್ಕಾನ? ನಮ್ಮನ್ಯಾಗ ನಮ್ಮ ಮುದುಕಿ ಪುಕ್ಕಟೆ ಹೊಲಿತಾಳ," ಎಂದಳು. ಇನ್ನೊಬ್ಬಾಕೆ ಹೊಲಿಗೆಯ ಸಾಲಿನ ಮೇಲೆ ಬೆರಳಾಡಿಸಿ, "ಸೊಟ್ಟ ಐತಲ್ರಿ. ಮಶಿನ್ ಮ್ಯಾಲೆ ಹೊಲಿದಿದ್ರ ನೆಟ್ಟಗ ಬರ್ತಿತ್ತು," ಎಂದು ಸಲಹೆ ಕೊಟ್ಟಳು. ಮೂರನೆಯಾಕೆ ನಮ್ಮ ಮನೆಯವರ ಗುರುತಿನವಳು. ಅವಳು ಕೌದಿಯನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿ ದನಿ ತಗ್ಗಿಸಿದಳು: "ಹೆಡ್‌ಮಾಸ್ತರ್ ಮನಿಯವ್ರು ನೀವು. ಪೆನ್ಶನ್ ಬರ್ತೈತಿ. ನಿಮಗೇನ್ ಕಮ್ಮಿ ಆಗೈತ್ರಿ?"

ಆ ಪ್ರಶ್ನೆಗೆ ಉತ್ತರ ಇರಲಿಲ್ಲವೆಂದಲ್ಲ. ಕೈಗೆ ಕೆಲಸ ಬೇಕಿತ್ತು, ಮಾಡಿದ್ದನ್ನು ಯಾರಾದರೂ ಬೇಕೆಂದು ಕೊಂಡುಹೋಗಲಿ ಎಂಬ ಆಸೆಯಿತ್ತು. ಇದನ್ನು ಹೇಳಲು ನಾಚಿಕೆಯಾಯಿತು. ಅವಳ ಬಾಯಿ ಮುಚ್ಚಿಸುವ ಅವಸರಕ್ಕೆ ಒಂದು ಕೌದಿಯನ್ನು ದಾರದ ಖರ್ಚೂ ಹುಟ್ಟದ ಬೆಲೆಗೆ ಅವಳಿಗೇ ಕೊಟ್ಟು, ಮೇಲೆ ನಾನೇ ಕೈಮುಗಿದು ಬಂದೆ.

ಎರಡನೆಯ ಸಲ ಕೊಪ್ಪಳದಲ್ಲಿ, ಅಂಥದೇ ಒಂದು ಮಾರಾಟದಲ್ಲಿ. ಭಾಗ್ಯನಗರದ ನಮ್ಮ ಮನೆಯಿಂದ ಆಟೋದಲ್ಲಿ ಹತ್ತು ನಿಮಿಷದ ಹಾದಿ. ಕೌದಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲ ಗಟ್ಟಿಯಾಗಿ ಬೆಲೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಹನ್ನೊಂದು ಗಂಟೆಯ ಸುಮಾರಿಗೆ ಗಂಗಾವತಿಯ ವಿಶಾಲಾಕ್ಷಮ್ಮ ಎಂಬವರು ಬಂದರು. ಅಕ್ಕಿ ಗಿರಣಿಯ ಮನೆತನ, ನನ್ನದೇ ವಯಸ್ಸು. ಕೌದಿಯ ಮೇಲೆ ಕೈಯಿಟ್ಟು, "ನೀವ ಹೊಲಿದೀರೇನ್ರಿ?" ಎಂದರು.

ಹೌದು ಎನ್ನಲು ಬಾಯಿ ತೆರೆದೆ. "ಅಲ್ರಿ," ಎಂದಿತು ಬಾಯಿ. "ಇರಕಲ್ಲಗಡದಾಗ ನೀಲವ್ವ ಅಂತ ಒಬ್ಬಾಕಿ ಅದಾಳ್ರಿ. ಗಂಡ ಇಲ್ಲ. ಆಕಿ ಹೊಲಿದು ಕೊಡ್ತಾಳ, ನಾ ಮಾರಿ ಕೊಡ್ತೀನಿ."

ಎಲ್ಲಿಂದ ಬಂದಳೋ ಈ ನೀಲವ್ವ, ದೇವರಾಣೆಗೂ ತಿಳಿಯದು. ಇರಕಲ್ಲಗಡದ ಬಸ್ಸನ್ನು ನೋಡಿದ್ದೇನೆಯೇ ಹೊರತು ಹತ್ತಿದವಳಲ್ಲ. ಆದರೆ ಅವಳು ಬಂದದ್ದೇ ತಡ, ನನ್ನ ಗಂಟಲು ಸರಿಹೋಯಿತು. "ಎರಡೂವರಿ ಸಾವಿರ್ರಿ. ಒಂದು ರೂಪಾಯಿನೂ ಕಡಿಮಿ ಆಗಂಗಿಲ್ಲ. ತಿಂಗಳೊಪ್ಪತ್ತು ನೆಲದ ಮ್ಯಾಲೆ ಕುಂತು ಹೊಲಿದಾಳ," ಎಂದೆ. ಆ ದನಿ ನನ್ನದೇ ಎಂದು ನನಗೇ ನಂಬಿಕೆಯಾಗಲಿಲ್ಲ. ವಿಶಾಲಾಕ್ಷಮ್ಮ ಚಕಾರವೆತ್ತದೆ ಎರಡು ಕೌದಿ ಕೊಂಡರು. ಒಂದು ತಮಗೆ, ಒಂದು ಬಾಣಂತನಕ್ಕೆ ಬಂದಿದ್ದ ಮಗಳಿಗೆ. ನನ್ನ ಫೋನ್ ನಂಬರನ್ನೂ ಬರೆದುಕೊಂಡರು.

ಆಮೇಲೆ ಬಂದವರಿಗೆಲ್ಲ ನೀಲವ್ವನನ್ನೇ ಮುಂದೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಅವಳ ಮೊಣಕಾಲು ನೋಯತೊಡಗಿತು, ಮೂರು ಗಂಟೆಗೆ ಕಣ್ಣು ಮಂಜಾಯಿತು. ಸೊಟ್ಟ ಹೊಲಿಗೆಯನ್ನು ಯಾರೂ ಸೊಟ್ಟ ಎನ್ನಲಿಲ್ಲ. "ಪಾಪ, ಕಣ್ಣು ಕಾಣದಿದ್ರೂ ಎಷ್ಟು ಛಲೋ ಹೊಲಿದಾಳ," ಎಂದರು. ಒಯ್ದದ್ದಷ್ಟೂ ಖರ್ಚಾಗಿ, ಕೌದಿಯ ಗಂಟಿಲ್ಲದೆ ಮನೆಗೆ ಬಂದೆ. ನಡೆದದ್ದನ್ನು ಯಜಮಾನರಿಗೆ ನಗುನಗುತ್ತಲೇ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತಲಿಲ್ಲ. "ಈಗ ಚಾ ನೀ ಮಾಡ್ತೀಯೋ, ನೀಲವ್ವ ಮಾಡ್ತಾಳೋ?" ಎಂದರು. ಆಗ ನಗು ಬಂತು. ಚಹಾ ಕುದಿಯುತ್ತಿದ್ದಾಗ ನಗು ಹೋಗಿ ಬೇರೆ ಏನೋ ಬಂತು.

ಹದಿನೈದು ದಿನ ಕಳೆದು ವಿಶಾಲಾಕ್ಷಮ್ಮನವರ ಫೋನು. "ನಾಳೆ ಮುಂಜಾನೆ ಕೊಪ್ಪಳಕ್ಕ ಬರಾಕತ್ತೀನ್ರಿ. ನೀಲವ್ವನ್ನ ನೋಡಬೇಕು. ಆಕಿಗೆ ಒಂದು ಸೀರಿ ತೆಗೆದಿಟ್ಟೀನಿ, ಮನಿ ಅಕ್ಕಿನೂ ತರ್ತೀನಿ. ಕಣ್ಣಿನ ಡಾಕ್ಟರ್ ನಮಗ ಪರಿಚಯ ಅದಾರ, ತೋರಸೋಣು." ಬೇಡವೆನ್ನಲು ನೆಪ ಹುಡುಕುವಷ್ಟರಲ್ಲಿ, "ನಿಮ್ಮನಿಗೇ ಕರಿಸಿಬಿಡ್ರಿ," ಎಂದು ಇಟ್ಟುಬಿಟ್ಟರು.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ನಾಚಿಕೆಯ ಭಾಗ. ನಿಜ ಹೇಳಿಬಿಡೋಣ ಎಂಬ ಯೋಚನೆ ಮೊದಲು ಬರಲಿಲ್ಲ. ಮೊದಲು ನೆನಪಾದವಳು ಪಾರವ್ವ. ಏಳು ವರ್ಷದಿಂದ ನಮ್ಮ ಮನೆಯ ಮುಸುರೆ ತಿಕ್ಕುವವಳು. ಅವಳಿಗೆ ನಿಜವಾಗಿಯೂ ಗಂಡನಿಲ್ಲ, ನಿಜವಾಗಿಯೂ ಮೊಣಕಾಲು ನೋವು. ಮರುದಿನ ಬೆಳಿಗ್ಗೆ ಅವಳು ಬಂದ ಕೂಡಲೇ ಎಲ್ಲ ಹೇಳಿ, "ಒಂದು ತಾಸು ನೀಲವ್ವ ಆಗ್ತಿಯೇನು? ಸುಮ್ಮನ ಕುಂತ್ರ ಸಾಕು. ಸೀರಿ, ಅಕ್ಕಿ ಎಲ್ಲಾ ನಿನಗ," ಎಂದೆ.

ಪಾರವ್ವ ಕೈಯಲ್ಲಿದ್ದ ಬೋಗುಣಿಯನ್ನು ಕೆಳಗಿಟ್ಟಳು. "ನನಗ ಕೌದಿ ಹೊಲಿಯಾಕ ಬರಂಗಿಲ್ರಿ ಅಕ್ಕಾರ. ಹೊಲಿದಾಕಿ ನೀವು."

"ಅದು ಅವ್ರಿಗೆ ಗೊತ್ತಾಗಂಗಿಲ್ಲ."

"ನಿಮ್ಮ ಹೊಲಿಗಿಗೆ ನಿಮಗ ನಾಚಿಕಿ ಆದ್ರ, ನಾ ಯಾಕ್ರಿ ರಂಡಿಮುಂಡಿ ಅಂತ ಮಂದಿ ಮುಂದ ಕುಂಡ್ರಬೇಕು? ನಾ ಮುಸುರಿ ತಿಕ್ಕತೀನಿ. ತಿಂಗಳಾತಂದ್ರ ಪಗಾರ ಕೇಳಿ ಇಸಗೊಳ್ತೀನಿ. ಗಂಡ ಇಲ್ಲ ಅಂತ ಹೇಳಿ ಒಂದಿನಾನೂ ಕೇಳಿಲ್ಲ."

ಮಾತು ಮುಗಿಸಿ ಬೋಗುಣಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕುಷ್ಟಗಿಯಲ್ಲಿ ನನ್ನ ಕೌದಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಾಕೆಯ ಮೇಲೆ ನನಗೆ ತಿಂಗಳುಗಟ್ಟಲೆ ಸಿಟ್ಟಿತ್ತು. ಪಾರವ್ವನ ಬದುಕನ್ನು ನಾನು ಎತ್ತಿದ್ದು ಎಷ್ಟು ಬೆರಳಲ್ಲಿ?

ವಿಶಾಲಾಕ್ಷಮ್ಮ ಹತ್ತೂವರೆಗೆ ಬಂದರು. ಡ್ರೈವರು ಅಕ್ಕಿಯ ಚೀಲ ತಂದು ಪಡಸಾಲೆಯಲ್ಲಿಟ್ಟ. ಸೀರೆಯ ಮೇಲೆ ಕುಪ್ಪಸದ ಖಣ, ಅದರ ಮೇಲೆ ಅರಿಶಿನ ಕುಂಕುಮದ ಬದಲು ಒಂದು ಜೊತೆ ಬಾಳೆಹಣ್ಣು. ಗಂಡನಿಲ್ಲದವಳೆಂದು ಅಷ್ಟು ಯೋಚಿಸಿ ತಂದಿದ್ದರು. ಅವರು ಕೂರುವ ಮೊದಲೇ ಹೇಳಿಬಿಟ್ಟೆ. "ನೀಲವ್ವ ಅಂತ ಯಾರೂ ಇಲ್ರಿ. ಅವೆಲ್ಲಾ ನಾನ ಹೊಲಿದದ್ದು. ನಿಮ್ಮ ರೊಕ್ಕ ವಾಪಸ್ ಕೊಡ್ತೀನಿ."

ಅವರು ಬಯ್ದಿದ್ದರೆ ಸುಲಭವಾಗುತ್ತಿತ್ತು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. "ನನ್ನ ಮಗಳು ಕೂಸಿಗೆ ಹೊಚ್ಚೋವಾಗ ದಿನಾ ನೀಲವ್ವಜ್ಜಿ ಕೌದಿ ಅಂತಾಳ್ರಿ," ಎಂದರು. ಬಾಳೆಹಣ್ಣನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದರು: "ನೀವ ಹೊಲಿದೀನಿ ಅಂದಿದ್ರ ನಾ ಅಷ್ಟು ಕೊಡ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ರಿ. ಆ ದಿನ ನಾ ಕೌದಿನ ಸರಿಯಾಗಿ ನೋಡಲೇ ಇಲ್ಲ."

ಮೂಲೆಯಲ್ಲಿ ಹಿಂದಿನ ದಿನವಷ್ಟೇ ಮುಗಿಸಿದ ಒಂದು ಕೌದಿ ಮಡಚಿಟ್ಟಿತ್ತು. ಅವರೇ ಎದ್ದು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಹೊಲಿಗೆಯ ಒಂದೊಂದೇ ಸಾಲಿನ ಮೇಲೆ ಕಣ್ಣಾಡಿಸಿದರು. "ಎಷ್ಟ್ರಿ ಇದಕ್ಕ?"

ಆ ಗಳಿಗೆಯಲ್ಲಿ ಅದನ್ನು ಪುಕ್ಕಟೆ ಕೊಟ್ಟು ತಪ್ಪು ತೊಳೆದುಕೊಳ್ಳೋಣವೆನಿಸಿತು. ಆದರೆ ಹಿತ್ತಲಲ್ಲಿ ಪಾರವ್ವ ತಿಕ್ಕುತ್ತಿದ್ದ ಪಾತ್ರೆಯ ಸದ್ದು ಕೇಳುತ್ತಿತ್ತು. "ಎರಡೂವರಿ ಸಾವಿರ್ರಿ," ಎಂದೆ.

"ಎರಡಕ್ಕ ಕೊಡ್ರಿ."

ನೀಲವ್ವನಿಗೆ ಒಂದು ರೂಪಾಯಿ ಇಳಿಸದ ಹೆಂಗಸು! ಮರುಗಳಿಗೆಯೇ ಹೊಳೆಯಿತು: ಕನಿಕರಕ್ಕೆ ಪಾತ್ರರಾದವರ ಜೊತೆ ಯಾರೂ ಚೌಕಾಸಿ ಮಾಡುವುದಿಲ್ಲ, ಸರೀಕರ ಜೊತೆ ಮಾಡುತ್ತಾರೆ. ಇಷ್ಟೆಲ್ಲ ಆದಮೇಲೂ ಅವರು ನನ್ನನ್ನು ಸರೀಕಳ ಜಾಗದಲ್ಲಿ ಕೂರಿಸಿದ್ದರು.

"ಆಗಂಗಿಲ್ರಿ," ಎಂದೆ.

"ಹಂಗಾರ ಬ್ಯಾಡ್ರಿ," ಎಂದು ಮಡಚಿಟ್ಟರು, ಸಿಟ್ಟಿಲ್ಲದೆ. ಹಳೆಯ ದುಡ್ಡನ್ನೂ ವಾಪಸು ತೆಗೆದುಕೊಳ್ಳಲಿಲ್ಲ. "ಕೌದಿ ಕೌದಿನ ಐತಲ್ರಿ," ಎಂದು ಸೀರೆ ಎತ್ತಿಕೊಂಡರು. ಡ್ರೈವರು ಬಂದು ಅಕ್ಕಿಯ ಚೀಲವನ್ನು ಹೆಗಲಿಗೇರಿಸಿ ಹೊರಗೆ ನಡೆದ. ಎದುರುಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮನೆಗೆ ಬಂದ ಅಕ್ಕಿ ಹಾಗೆ ಹೊರಗೆ ಹೋಗುವುದನ್ನು ನಾನು ಅದೇ ಮೊದಲು ನೋಡಿದ್ದು.

ತಿಂಗಳ ಕೊನೆಗೆ ಪಾರವ್ವ ಪಾತ್ರೆ ತಿಕ್ಕುತ್ತಲೇ ಮಾತು ತೆಗೆದಳು. "ಅಕ್ಕಾರ, ಬರೋ ತಿಂಗಳಿಂದ ಮುನ್ನೂರು ಜಾಸ್ತಿ ಮಾಡ್ರಿ. ಎಲ್ಲಾ ಕಡೆ ಮಾಡ್ಯಾರ."

"ಇನ್ನೂರು ಮಾಡ್ಕೊ," ಎಂದಿತು ನನ್ನ ಬಾಯಿ, ನನ್ನನ್ನು ಕೇಳದೆಯೇ.

ಪಾರವ್ವ ಕತ್ತೆತ್ತಿ ನೋಡಿದಳು. ವಾದ ಮಾಡಲಿಲ್ಲ, ಮೊಣಕಾಲಿನ ಸುದ್ದಿ ತೆಗೆಯಲಿಲ್ಲ. "ಮುನ್ನೂರ್ರಿ," ಎಂದಳು ಅಷ್ಟೆ. ನನ್ನ ಕಿವಿ ಬಿಸಿಯಾಯಿತು. "ಆತು, ಮುನ್ನೂರು," ಎಂದೆ.

ಅವಳು ಕೈಮುಗಿಯಲಿಲ್ಲ, ಹಲ್ಲು ಕಿರಿಯಲಿಲ್ಲ. ಬೂದಿ ಹಚ್ಚಿ ಮುಂದಿನ ತಟ್ಟೆ ತಿಕ್ಕತೊಡಗಿದಳು. ಬೆಲೆ ಹೇಳಿದ ಮೇಲೆ ಹಾಗೆ ತಣ್ಣಗೆ ತನ್ನ ಕೆಲಸಕ್ಕೆ ಮರಳುವುದಿದೆಯಲ್ಲ, ಅದನ್ನು ನಾನಿನ್ನೂ ಕಲಿಯುತ್ತಿದ್ದೇನೆ.